ಎಲೆಕ್ಟ್ರೋಡ್ ಅಂಟಿಸಿದ ಮೇಲೆ, ಕೆಲಸ ಶುರುವಾಗುವ ಮೊದಲು: ಚರ್ಮದ ಇಂಪೀಡೆನ್ಸ್ ಪರೀಕ್ಷಿಸುವ ಕ್ರಮ

ಇಇಜಿ (ಮೆದುಳಿನದು), ಇಎಂಜಿ (ಸ್ನಾಯುವಿನದು), ಇಸಿಜಿ (ಹೃದಯದ್ದು) ಯಾವುದೇ ಇರಲಿ, ದೇಹದ ವಿದ್ಯುತ್ ಸಂಕೇತಗಳನ್ನು ದಾಖಲಿಸುವವರಿಗೂ, ಚರ್ಮದ ಮೂಲಕ ನರ ಅಥವಾ ಸ್ನಾಯುವನ್ನು ಪ್ರಚೋದಿಸುವವರಿಗೂ ಎದುರಾಗುವ ಮೊದಲ ಅಡ್ಡಿ ಒಂದೇ: ಚರ್ಮದ ತೀರಾ ಹೊರಗಿರುವ ಸತ್ತ ಜೀವಕೋಶಗಳ ಪದರ. ದೇಹದ ಹೆಚ್ಚಿನ ಭಾಗಗಳಲ್ಲಿ ಇದರ ದಪ್ಪ 10ರಿಂದ 20 ಮೈಕ್ರೋಮೀಟರ್ ಮಾತ್ರ. ಒಳಗಿನ ಅಂಗಾಂಶಗಳು ಒಡ್ಡುವ ರೋಧ ಕೆಲವು ನೂರು ಓಮ್‌ಗಳಷ್ಟಿದ್ದರೆ, ಈ ತೆಳುವಾದ ಪದರ ಒಣಗಿದ್ದಾಗ ಹತ್ತಾರು, ಕೆಲವೊಮ್ಮೆ ನೂರಾರು ಕಿಲೋಓಮ್ ಒಡ್ಡುತ್ತದೆ. ಇಂಪೀಡೆನ್ಸ್ ಎಂದರೆ ಪರ್ಯಾಯ ವಿದ್ಯುತ್ತಿಗೆ ಎದುರಾಗುವ ಒಟ್ಟು ಅಡ್ಡಿ; ಅದರ ಪರೀಕ್ಷೆ ಎಂದರೆ ಈ ಅಡ್ಡಿ ಎಷ್ಟು ಉಳಿದಿದೆ ಎಂದು ಅಳೆಯುವುದು. ಆದರೆ ಪರದೆಯ ಮೇಲೆ ಚಿಕ್ಕ ಅಂಕಿ ಕಂಡ ಮಾತ್ರಕ್ಕೆ ಸಂಪರ್ಕ ಚೆನ್ನಾಗಿದೆ ಎಂದು ತೀರ್ಮಾನಿಸಬಾರದು. ಆ ಅಂಕಿ ಏತರಿಂದ ಕಡಿಮೆಯಾಯಿತು ಎಂಬುದು ತಿಳಿಯುವವರೆಗೆ ಪರೀಕ್ಷೆ ಮುಗಿದಂತಲ್ಲ.

ಮೊದಲಿಗೆ, ಮಾಡಬಾರದ ಕೆಲಸವೊಂದನ್ನು ಹೇಳಿಬಿಡುತ್ತೇನೆ. ಸಾಮಾನ್ಯ ಮಲ್ಟಿಮೀಟರನ್ನು ಓಮ್ ಸ್ಥಾನದಲ್ಲಿಟ್ಟು ಮೈಮೇಲಿರುವ ಎಲೆಕ್ಟ್ರೋಡ್‌ಗಳಿಗೆ ಜೋಡಿಸಬೇಡಿ. ಮಲ್ಟಿಮೀಟರ್ ಅಳೆಯುವುದು ನೇರ ವಿದ್ಯುತ್ತಿನಿಂದ, ಮತ್ತು ಅದರ ಕಡಿಮೆ ಓಮ್ ವ್ಯಾಪ್ತಿಗಳಲ್ಲಿ ಆ ವಿದ್ಯುತ್ 1 ಮಿಲಿಆಂಪಿಯರ್ ತನಕವೂ ಇರಬಹುದು. ವೈದ್ಯಕೀಯ ವಿದ್ಯುತ್ ಉಪಕರಣಗಳ ಸುರಕ್ಷತೆಗೆ ಸಂಬಂಧಿಸಿದ ಐಇಸಿ 60601-1 ಮಾನದಂಡವು, ಉಪಕರಣ ಸರಿಯಾಗಿರುವ ಸ್ಥಿತಿಯಲ್ಲಿ, ರೋಗಿಯ ಮೈಮೇಲಿನ ಸಂಪರ್ಕಗಳ ನಡುವೆ ಚಿಕಿತ್ಸೆಯ ಉದ್ದೇಶವಿಲ್ಲದೆ ಹರಿಯುವ ನೇರ ವಿದ್ಯುತ್ತಿಗೆ 10 ಮೈಕ್ರೋಆಂಪಿಯರ್ ಮಿತಿಯನ್ನಿಟ್ಟಿದೆ. ಸುರಕ್ಷತೆಯ ಮಾತು ಹಾಗಿರಲಿ, ಅಳತೆಯೂ ಕೆಡುತ್ತದೆ: ನೇರ ವಿದ್ಯುತ್ ಹರಿದಾಗ ಲೋಹ ಮತ್ತು ಜೆಲ್ ಸೇರುವಲ್ಲಿ ವಿದ್ಯುದಾವೇಶ ಕೂಡಿಕೊಂಡು, ಅಂಕಿ ನಿಲ್ಲದೆ ಜಾರುತ್ತಲೇ ಹೋಗುತ್ತದೆ, ಅಳತೆ ಮುಗಿದ ನಂತರವೂ ಆ ಎಲೆಕ್ಟ್ರೋಡಿನ ಸಂಕೇತ ಕೆಲಕಾಲ ತೇಲಾಡುತ್ತದೆ. ಆದ್ದರಿಂದ ಅತಿ ಸಣ್ಣ ಪರ್ಯಾಯ ವಿದ್ಯುತ್ತಿನಿಂದ ಅಳೆಯುವ ಇಂಪೀಡೆನ್ಸ್ ಮೀಟರನ್ನೋ, ದಾಖಲಿಸುವ ಯಂತ್ರದಲ್ಲೇ ಇರುವ ಇಂಪೀಡೆನ್ಸ್ ಪರೀಕ್ಷೆಯನ್ನೋ ಬಳಸಬೇಕು.

ಯಾವ ಆವರ್ತನದಲ್ಲಿ ಅಳೆಯುತ್ತೀರಿ ಎಂಬುದೂ ಅಷ್ಟೇ ಮುಖ್ಯ, ಮತ್ತು ಹೆಚ್ಚಿನವರು ಎಡವುವುದು ಇಲ್ಲಿಯೇ. ಚರ್ಮದ ಹೊರಪದರ ಬರಿಯ ರೋಧವಲ್ಲ, ಅದು ಕೆಪಾಸಿಟರಿನಂತೆಯೂ ವರ್ತಿಸುತ್ತದೆ, ಅಂದರೆ ಆವರ್ತನ ಏರಿದಂತೆ ಅದರ ಅಡ್ಡಿ ಇಳಿಯುತ್ತದೆ. ಅದನ್ನು 100 ಕಿಲೋಓಮ್ ರೆಸಿಸ್ಟರ್ ಮತ್ತು 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಸಮಾಂತರವಾಗಿ ಸೇರಿದ ಜೋಡಿ ಎಂದು ಭಾವಿಸಿ, ಒಳಗಿನ ಅಂಗಾಂಶದ ಲೆಕ್ಕಕ್ಕೆ ಸರಣಿಯಲ್ಲಿ 1 ಕಿಲೋಓಮ್ ಸೇರಿಸಿ ನೋಡಿ. 10 ಹರ್ಟ್ಸ್‌ನಲ್ಲಿ ಇದರ ಇಂಪೀಡೆನ್ಸ್ ಸುಮಾರು 85 ಕಿಲೋಓಮ್ ಬರುತ್ತದೆ. 1,000 ಹರ್ಟ್ಸ್‌ನಲ್ಲಿ ಸುಮಾರು 1.9 ಕಿಲೋಓಮ್ ಮಾತ್ರ. ಚರ್ಮ ಅದೇ, ಜೆಲ್ ಅದೇ, ಸಂಪರ್ಕವೂ ಅಷ್ಟೇ ಕೆಟ್ಟದ್ದು. ಆದರೆ 1 ಕಿಲೋಹರ್ಟ್ಸ್‌ನಲ್ಲಿ ಅಳೆದವರು ಎಲ್ಲವೂ ಸರಿಯಿದೆ ಎಂದು ಬರೆದುಕೊಂಡಿರುತ್ತಾರೆ. ಇಇಜಿಯ ಸಂಕೇತವಿರುವುದು ಕೆಲವು ಹತ್ತು ಹರ್ಟ್ಸ್‌ಗಳ ಒಳಗೆ. ಹಾಗಾಗಿ ಅಳತೆಯೂ 10ರಿಂದ 30 ಹರ್ಟ್ಸ್ ಆಸುಪಾಸಿನಲ್ಲೇ ಇರಬೇಕು. ನಿಮ್ಮ ಯಂತ್ರ ಯಾವ ಆವರ್ತನ ಬಳಸುತ್ತದೆ ಎಂಬುದನ್ನು ಅದರ ಕೈಪಿಡಿಯಲ್ಲಿ ಹುಡುಕಿ, ದಾಖಲೆಯಲ್ಲಿ ಅಂಕಿಯ ಪಕ್ಕದಲ್ಲೇ ಬರೆದಿಡಿ. ಆವರ್ತನ ನಮೂದಿಸದ ಇಂಪೀಡೆನ್ಸ್ ಅಂಕಿಗೆ ನಾನು ಬೆಲೆ ಕೊಡುವುದಿಲ್ಲ.

ಮೈಮೇಲೆ ಅಳೆಯುವ ಮುನ್ನ ಮೀಟರನ್ನೂ ತಂತಿಗಳನ್ನೂ ಪರೀಕ್ಷಿಸಿ. ಶೇಕಡಾ 1ರಷ್ಟು ನಿಖರತೆಯ 4.7 ಮತ್ತು 10 ಕಿಲೋಓಮ್ ರೆಸಿಸ್ಟರ್‌ಗಳನ್ನು ಎಲೆಕ್ಟ್ರೋಡಿನ ಜಾಗದಲ್ಲಿ ಜೋಡಿಸಿ, ಪ್ರತಿ ಚಾನೆಲ್ಲೂ (ಯಂತ್ರದಲ್ಲಿ ಒಂದೊಂದು ಎಲೆಕ್ಟ್ರೋಡಿಗಿರುವ ದಾಖಲಾತಿಯ ಸಾಲು) ಅದೇ ಅಂಕಿ ತೋರಿಸುತ್ತದೆಯೇ ನೋಡಿ. ಎರಡು ನಿಮಿಷದ ಈ ಕೆಲಸದಿಂದ, ಒಳಗೆ ಮುರಿದ ತಂತಿಯೊಂದನ್ನು ಚರ್ಮದ ದೋಷವೆಂದು ತಿಳಿದು ಅರ್ಧ ಗಂಟೆ ಉಜ್ಜುವುದು ತಪ್ಪುತ್ತದೆ. ಬಳಸಿ ಎಸೆಯುವ ಎಲೆಕ್ಟ್ರೋಡ್‌ಗಳಾದರೆ, ಪೊಟ್ಟಣದಿಂದ ತೆಗೆದ ಎರಡನ್ನು ಜೆಲ್‌ಗೆ ಜೆಲ್ ತಾಗುವಂತೆ ಮುಖಾಮುಖಿ ಒತ್ತಿ ಅಳೆಯಿರಿ. ಬಳಸಿ ಎಸೆಯುವ ಇಸಿಜಿ ಎಲೆಕ್ಟ್ರೋಡ್‌ಗಳ ಅಮೆರಿಕದ ಮಾನದಂಡವಾದ ಇಸಿ12ರ ಪ್ರಕಾರ, ಹೀಗೆ ಜೋಡಿಸಿದ ಜೋಡಿಗಳ ಸರಾಸರಿ ಇಂಪೀಡೆನ್ಸ್ 10 ಹರ್ಟ್ಸ್‌ನಲ್ಲಿ 2 ಕಿಲೋಓಮ್ ಮೀರಬಾರದು. ಅದಕ್ಕಿಂತ ಬಹಳ ಹೆಚ್ಚು ಬಂದರೆ ಪೊಟ್ಟಣ ತೆರೆದಿಟ್ಟು ಜೆಲ್ ಒಣಗಿದೆ ಎಂದು ಅರ್ಥ. ಅಂಥವುಗಳನ್ನು ಮೈಗೆ ಅಂಟಿಸಿ ಪ್ರಯೋಜನವಿಲ್ಲ.

ಇನ್ನು ಚರ್ಮವನ್ನು ಅಣಿಗೊಳಿಸುವುದು. ಕೂದಲಿರುವ ಕಡೆ ಬೋಳಿಸುವ ಬದಲು ಕತ್ತರಿಸುವುದು ಒಳ್ಳೆಯದು, ಏಕೆಂದರೆ ಬ್ಲೇಡು ಕಣ್ಣಿಗೆ ಕಾಣದ ಗಾಯಗಳನ್ನು ಮಾಡುತ್ತದೆ. ತಲೆಯ ಮೇಲಾದರೆ ಹತ್ತಿಕಡ್ಡಿಯ ಬಾಲದಿಂದ ಕೂದಲನ್ನು ಎರಡೂ ಬದಿಗೆ ಸರಿಸಿ ಬುಡದ ಚರ್ಮ ಕಾಣುವಂತೆ ಬೈತಲೆ ತೆಗೆಯಿರಿ. ಆಲ್ಕೋಹಾಲ್ ಹತ್ತಿಯಿಂದ ಜಿಡ್ಡು ಒರೆಸಿ, ಅದು ಪೂರ್ತಿ ಆರುವವರೆಗೆ ಕಾಯಿರಿ. ನಂತರ ಸಣ್ಣ ಹರಳುಗಳಿರುವ ಉಜ್ಜುವ ಪೇಸ್ಟನ್ನು ಹತ್ತಿಕಡ್ಡಿಯ ತುದಿಗೆ ಹಚ್ಚಿಕೊಂಡು, ಎಲೆಕ್ಟ್ರೋಡ್ ಕೂರುವಷ್ಟೇ ಅಗಲದ ಜಾಗದಲ್ಲಿ ಹಗುರವಾಗಿ ನಾಲ್ಕೈದು ಸುತ್ತು ತಿರುಗಿಸಿ. ಚರ್ಮ ತುಸು ಕೆಂಪಗಾದರೆ ಸಾಕು, ಕೈ ತೆಗೆಯಬೇಕು. ಹೊಳಪು ಬಂದರೆ, ಜಿನುಗಿದರೆ ಅಥವಾ ಎದುರಿಗಿರುವವರು ಉರಿ ಎಂದರೆ ನೀವು ಮಿತಿ ದಾಟಿದ್ದೀರಿ. ಅಲ್ಲಿಂದ ಮುಂದೆ ಅದು ಸೋಂಕಿಗೆ ತೆರೆದ ಬಾಗಿಲು. ಒಬ್ಬರಿಗೆ ಬಳಸಿದ ಕಡ್ಡಿಯನ್ನು ಪೇಸ್ಟಿನ ಡಬ್ಬಿಗೆ ಮತ್ತೆ ಅದ್ದಬಾರದು, ಇನ್ನೊಬ್ಬರಿಗೆ ಬಳಸಲೂಬಾರದು. ಕೊನೆಗೆ ಪೇಸ್ಟಿನ ಉಳಿಕೆಯನ್ನು ಒರೆಸಿ, ಜೆಲ್ ತುಂಬಿದ ಎಲೆಕ್ಟ್ರೋಡನ್ನು ಕೂರಿಸಿ. ದಾಖಲಾತಿಗೆ ಬೆಳ್ಳಿ-ಬೆಳ್ಳಿ ಕ್ಲೋರೈಡ್ ಎಲೆಕ್ಟ್ರೋಡ್ ಒಳ್ಳೆಯದು, ಅದರ ವೋಲ್ಟೇಜ್ ಸ್ಥಿರವಾಗಿ ನಿಲ್ಲುತ್ತದೆ. ಒಂದೇ ವ್ಯಕ್ತಿಯ ಮೇಲೆ ಬೇರೆ ಬೇರೆ ಲೋಹದ ಎಲೆಕ್ಟ್ರೋಡ್‌ಗಳನ್ನು ಬೆರೆಸಬೇಡಿ.

ಅಂಟಿಸಿದ ತಕ್ಷಣ ಒಮ್ಮೆ ಅಳೆಯಿರಿ, ಆದರೆ ಆ ಅಂಕಿಯನ್ನೇ ನಂಬಬೇಡಿ. ಜೆಲ್ ಚರ್ಮದೊಳಗೆ ಇಳಿಯಲು ಸಮಯ ಬೇಕು. ಐದರಿಂದ ಹತ್ತು ನಿಮಿಷ ಬಿಟ್ಟು ಅಳೆದರೆ ಅಂಕಿ ಸಾಮಾನ್ಯವಾಗಿ ಇಳಿದಿರುತ್ತದೆ, ಎಷ್ಟೋ ಸಲ ಮತ್ತೆ ಉಜ್ಜುವ ಅಗತ್ಯವೇ ಬೀಳುವುದಿಲ್ಲ. ಎರಡು ತಂತಿಯ ಮೀಟರ್ ತೋರಿಸುವುದು ಎರಡೂ ಎಲೆಕ್ಟ್ರೋಡ್‌ಗಳ ಒಟ್ಟು ಮೊತ್ತವನ್ನು ಎಂಬುದನ್ನು ಮರೆಯಬಾರದು. ಒಂದೊಂದರ ಪಾಲು ತಿಳಿಯಲು ಮೂರು ಎಲೆಕ್ಟ್ರೋಡ್‌ಗಳನ್ನು ಜೋಡಿ ಜೋಡಿಯಾಗಿ ಅಳೆಯಬೇಕು. ಒಂದು ಮತ್ತು ಎರಡರ ನಡುವೆ 14, ಒಂದು ಮತ್ತು ಮೂರರ ನಡುವೆ 9, ಎರಡು ಮತ್ತು ಮೂರರ ನಡುವೆ 11 ಕಿಲೋಓಮ್ ಬಂದಿತೆನ್ನಿ. ಮೊದಲಿನ ಎರಡು ಅಂಕಿಗಳನ್ನು ಕೂಡಿ, ಮೂರನೆಯದನ್ನು ಕಳೆದು, ಎರಡರಿಂದ ಭಾಗಿಸಿದರೆ ಒಂದನೆಯ ಎಲೆಕ್ಟ್ರೋಡಿನ ಪಾಲು 6 ಕಿಲೋಓಮ್. ಹಾಗಾದರೆ ಎರಡನೆಯದು 8, ಮೂರನೆಯದು 3. ಮತ್ತೆ ಸರಿಪಡಿಸಬೇಕಾದದ್ದು ಯಾವುದು ಎಂಬುದು ಆಗ ತಾನಾಗಿ ಕಾಣುತ್ತದೆ.

ಎಷ್ಟಿದ್ದರೆ ಸಾಕು? ಇಇಜಿಗೆ ಹಿಂದಿನಿಂದ ಬಂದ ಕಟ್ಟಲೆ 5 ಕಿಲೋಓಮ್‌ಗಿಂತ ಕಡಿಮೆ ಎಂಬುದು; ಇಂದಿನ ಆಂಪ್ಲಿಫೈಯರ್‌ಗಳ (ಸಂಕೇತವನ್ನು ಹಿಗ್ಗಿಸುವ ಭಾಗ) ಒಳದಾರಿಯ ಇಂಪೀಡೆನ್ಸ್ ಬಹಳ ಹೆಚ್ಚಿರುವುದರಿಂದ 10 ಕಿಲೋಓಮ್ ತನಕ ಒಪ್ಪುತ್ತಾರೆ. ಚರ್ಮದ ಮೇಲಿನ ಇಎಂಜಿಗೂ 10 ಕಿಲೋಓಮ್ ಒಳಗೆ ತರುವುದು ರೂಢಿ. ಆದರೆ ನನ್ನ ಮಟ್ಟಿಗೆ, ಒಂದೊಂದು ಅಂಕಿ ಎಷ್ಟು ಚಿಕ್ಕದು ಎಂಬುದಕ್ಕಿಂತ ಜೊತೆಯ ಅಂಕಿಗಳು ಎಷ್ಟು ಸಮನಾಗಿವೆ ಎಂಬುದು ಹೆಚ್ಚು ಮುಖ್ಯ. ಸುತ್ತಲಿನ ವಿದ್ಯುತ್ ತಂತಿಗಳಿಂದ ದೇಹಕ್ಕೆ 50 ಅಥವಾ 60 ಹರ್ಟ್ಸ್‌ನ ವೋಲ್ಟೇಜ್ ಸದಾ ತಗುಲುತ್ತಿರುತ್ತದೆ, ಮತ್ತು ಅದು ಎರಡೂ ಎಲೆಕ್ಟ್ರೋಡ್‌ಗಳಲ್ಲಿ ಸಮನಾಗಿದ್ದರೆ ಆಂಪ್ಲಿಫೈಯರ್ ಅದನ್ನು ಕಳೆದುಹಾಕುತ್ತದೆ. ಆ ವೋಲ್ಟೇಜ್ 10 ಮಿಲಿವೋಲ್ಟ್ ಎಂದೂ, ಕೇಬಲ್ ಸೇರಿ ಆಂಪ್ಲಿಫೈಯರಿನ ಒಳದಾರಿಯ ಕೆಪಾಸಿಟೆನ್ಸ್ 100 ಪಿಕೋಫ್ಯಾರಡ್ ಎಂದೂ ಇಟ್ಟುಕೊಳ್ಳಿ. 50 ಹರ್ಟ್ಸ್‌ನಲ್ಲಿ ಅದು ಸುಮಾರು 32 ಮೆಗಾಓಮ್ ಇಂಪೀಡೆನ್ಸ್ ಆಗುತ್ತದೆ. ಒಂದು ಎಲೆಕ್ಟ್ರೋಡ್ 5, ಇನ್ನೊಂದು 25 ಕಿಲೋಓಮ್ ಇದ್ದರೆ, ಆ 20 ಕಿಲೋಓಮ್ ವ್ಯತ್ಯಾಸದಿಂದ ಸುಮಾರು 6 ಮೈಕ್ರೋವೋಲ್ಟ್ ಗದ್ದಲ ಸಂಕೇತದೊಳಗೆ ನುಸುಳುತ್ತದೆ. ಎರಡೂ 23, 25 ಎಂಬಂತೆ ಎತ್ತರದಲ್ಲೇ ಇದ್ದರೂ ನುಸುಳುವುದು ಸುಮಾರು 0.6 ಮೈಕ್ರೋವೋಲ್ಟ್ ಮಾತ್ರ. ಇಇಜಿಯೇ ಹತ್ತಾರು ಮೈಕ್ರೋವೋಲ್ಟ್‌ಗಳ ಸಂಕೇತವಾಗಿರುವಾಗ ಈ ಅಂತರ ಸಣ್ಣದಲ್ಲ. ಒಂದು ಎಲೆಕ್ಟ್ರೋಡನ್ನು 1 ಕಿಲೋಓಮ್‌ಗೆ ಇಳಿಸಲು ಹಟ ಹಿಡಿದು ಚರ್ಮ ಕೆರೆಯುವ ಬದಲು, ಹೆಚ್ಚಿರುವುದನ್ನು ಉಳಿದವುಗಳ ಸಾಲಿಗೆ ತನ್ನಿ.

ಅಂಕಿಗಳು ತಪ್ಪು ದಾರಿಗೆಳೆಯುವ ಬಗೆ ಕೆಲವಿವೆ. ಎಲ್ಲ ಚಾನೆಲ್‌ಗಳೂ ಒಟ್ಟಿಗೆ ಎತ್ತರ ತೋರಿಸಿದರೆ ಒಂದೊಂದನ್ನೂ ಮುಟ್ಟಬೇಡಿ; ದೋಷ ಹೆಚ್ಚಾಗಿ, ಎಲ್ಲವಕ್ಕೂ ಸಾಮಾನ್ಯವಾಗಿರುವ ರೆಫರೆನ್ಸ್ (ಹೋಲಿಕೆಯ) ಅಥವಾ ಗ್ರೌಂಡ್ ಎಲೆಕ್ಟ್ರೋಡಿನಲ್ಲಿರುತ್ತದೆ. ತಂತಿಯನ್ನು ಮೆಲ್ಲನೆ ಅಲುಗಿಸಿದಾಗ ಅಂಕಿ ಹಾರಾಡಿದರೆ ಚರ್ಮ ಸರಿಯಿದೆ, ಕನೆಕ್ಟರ್ ಸಡಿಲವಾಗಿದೆ. ಅಳತೆ ಮಿತಿ ಮೀರಿದೆ ಎಂದು ಬಂದರೆ ತಂತಿ ತುಂಡಾಗಿರಬಹುದು. ಎಲ್ಲಕ್ಕಿಂತ ಮೋಸದ್ದು ಅತಿ ಕಡಿಮೆ ಅಂಕಿ. ಒಮ್ಮೆ ನಾನು ಜೆಲ್ಲನ್ನು ಧಾರಾಳವಾಗಿ ತುಂಬಿ ಅಣಿಗೊಳಿಸಿದ ತಲೆಯ ಮೇಲೆ ಅಕ್ಕಪಕ್ಕದ ಎರಡು ಎಲೆಕ್ಟ್ರೋಡ್‌ಗಳು ಉಳಿದ ಎಲ್ಲಕ್ಕಿಂತ ಕಡಿಮೆ ಇಂಪೀಡೆನ್ಸ್ ತೋರಿಸಿದವು. ದಾಖಲಾತಿ ಶುರುವಾದಾಗ ಅವೆರಡರ ರೇಖೆಗಳು ಒಂದರ ನೆರಳು ಇನ್ನೊಂದು ಎಂಬಂತೆ ಏರಿಳಿದವು. ಕೂದಲು ಸರಿಸಿ ನೋಡಿದರೆ, ಎರಡರ ನಡುವೆ ಬೆರಳಿನ ಉಗುರಿನಷ್ಟು ಅಗಲಕ್ಕೆ ಜೆಲ್ ಹರಡಿ ಸೇತುವೆಯಾಗಿತ್ತು. ಅವೆರಡೂ ಎರಡು ಜಾಗಗಳನ್ನು ಅಳೆಯದೆ ಒಂದೇ ಎಲೆಕ್ಟ್ರೋಡಿನಂತೆ ಕೆಲಸ ಮಾಡುತ್ತಿದ್ದವು. ಆ ದಾಖಲಾತಿಯನ್ನು ಕೈಬಿಟ್ಟು, ಜೆಲ್ ಒರೆಸಿ ಮೊದಲಿನಿಂದ ಮಾಡಬೇಕಾಯಿತು. ಜೋಡಿಯೊಂದು 100 ಓಮ್‌ಗಿಂತ ಕಡಿಮೆ ತೋರಿಸಿದರಂತೂ ಅದನ್ನು ಒಳ್ಳೆಯ ಸಂಪರ್ಕವೆಂದು ಎಣಿಸದೆ, ಜೆಲ್ ಅಥವಾ ಬೆವರಿನ ಸೇತುವೆ ಇಲ್ಲವೇ ತಂತಿಗಳ ನೇರ ಸ್ಪರ್ಶ ಇದೆಯೇ ಎಂದು ಹುಡುಕಬೇಕು.

ಪ್ರಚೋದನೆಯ ವಿಷಯಕ್ಕೆ ಬಂದರೆ ಅದೇ ಪರೀಕ್ಷೆಯ ಅರ್ಥ ಬದಲಾಗುತ್ತದೆ. ಇಲ್ಲಿ ತಪ್ಪಿದರೆ ಕೆಡುವುದು ಸಂಕೇತವಲ್ಲ, ಚರ್ಮ. ಹೆಚ್ಚಿನ ಪ್ರಚೋದಕ ಯಂತ್ರಗಳು ನಿಗದಿತ ವಿದ್ಯುತ್ತನ್ನು ಹೇಗಾದರೂ ಹರಿಸುವಂಥವು. ದಾರಿ ಕಿರಿದಾದಂತೆ ವೋಲ್ಟೇಜ್ ಏರಿಸುತ್ತವೆ. ತಲೆಯ ಮೇಲಿಂದ ಮೆದುಳಿಗೆ ಸಣ್ಣ ನೇರ ವಿದ್ಯುತ್ ಹರಿಸುವ ಟಿಡಿಸಿಎಸ್‌ನಲ್ಲಿ 2 ಮಿಲಿಆಂಪಿಯರ್ ಹರಿಸಲು 5 ಕಿಲೋಓಮ್‌ಗೆ 10 ವೋಲ್ಟ್ ಸಾಕು, 10 ಕಿಲೋಓಮ್‌ಗೆ 20 ವೋಲ್ಟ್ ಬೇಕು. ನಿಮ್ಮ ಯಂತ್ರದ ಗರಿಷ್ಠ ವೋಲ್ಟೇಜನ್ನು ಈ ಲೆಕ್ಕದೊಂದಿಗೆ ಹೋಲಿಸಿ ನೋಡಿದರೆ, ಯಾವ ಇಂಪೀಡೆನ್ಸ್‌ನಲ್ಲಿ ಅದು ಕೈಚೆಲ್ಲುತ್ತದೆ ಎಂಬುದು ಮೊದಲೇ ತಿಳಿಯುತ್ತದೆ.

ಆದರೆ ಸ್ಪಂಜು ಅಥವಾ ಪ್ಯಾಡಿನ ಒಟ್ಟು ಅಂಕಿ ಚೆನ್ನಾಗಿರುವಾಗಲೇ ಅದರ ಒಂದು ಮೂಲೆಯಲ್ಲಿ ಚರ್ಮ ಸುಡಬಹುದು. 25 ಚದರ ಸೆಂಟಿಮೀಟರ್ ಸ್ಪಂಜಿನ ಮೂಲಕ ಹರಿಯುವ 2 ಮಿಲಿಆಂಪಿಯರ್, ಪ್ರತಿ ಚದರ ಸೆಂಟಿಮೀಟರಿಗೆ 0.08 ಮಿಲಿಆಂಪಿಯರ್ ಆಗುತ್ತದೆ. ಸ್ಪಂಜು ಒಣಗಿಯೋ, ವಾರೆಯಾಗಿ ಕೂತೋ ಹತ್ತನೇ ಒಂದು ಭಾಗ ಮಾತ್ರ ಚರ್ಮಕ್ಕೆ ತಾಗಿದರೆ ಅದೇ ವಿದ್ಯುತ್ ಚದರ ಸೆಂಟಿಮೀಟರಿಗೆ 0.8 ಮಿಲಿಆಂಪಿಯರ್‌ನಷ್ಟು ದಟ್ಟವಾಗುತ್ತದೆ, ಯಂತ್ರ ಮಾತ್ರ ಎಂದಿನಂತೆ 2 ಎಂದೇ ತೋರಿಸುತ್ತದೆ. ಹಾಗಾಗಿ ಇಲ್ಲಿ ಉಜ್ಜುವ ಪೇಸ್ಟು ಬೇಡ. ಕೆರೆದ ಒಂದು ಸಣ್ಣ ಗೀರು ಸಾಕು, ವಿದ್ಯುತ್ ಅಲ್ಲಿಗೇ ಒಟ್ಟುಗೂಡುತ್ತದೆ. ಗಾಯ, ಮೊಡವೆ, ಸಿಪ್ಪೆ ಏಳುವ ಚರ್ಮ ಇರುವ ಜಾಗವನ್ನು ಬಿಟ್ಟುಬಿಡಿ. ಸ್ಪಂಜನ್ನು ಉಪ್ಪುನೀರಿನಲ್ಲಿ ಸಮನಾಗಿ ನೆನೆಸಿ, ತೊಟ್ಟಿಕ್ಕದಂತೆ ಹಿಂಡಿ, ಇಡೀ ಮೇಲ್ಮೈ ಚರ್ಮಕ್ಕೆ ಒತ್ತುವಂತೆ ಪಟ್ಟಿ ಬಿಗಿಯಿರಿ. ಅಂಟುವ ಪ್ಯಾಡಾದರೆ ಅಂಚುಗಳ ಮೇಲೆ ಬೆರಳಾಡಿಸಿ. ಎಲ್ಲಿಯಾದರೂ ಎದ್ದಿದ್ದರೆ ಒತ್ತಿ ಕೂರಿಸುವುದಲ್ಲ, ಪ್ಯಾಡ್ ಬದಲಿಸುವುದೇ ಸರಿ.

ನಂತರ ಯಂತ್ರದ ಸಣ್ಣ ಪರೀಕ್ಷಾ ವಿದ್ಯುತ್ತಿನಿಂದ ಇಂಪೀಡೆನ್ಸ್ ನೋಡಿ, ಒಪ್ಪಿಗೆಯಾದರೆ ವಿದ್ಯುತ್ತನ್ನು ನಿಧಾನವಾಗಿ ಏರಿಸಿ. ಏರಿಸುವಾಗ ಇಂಪೀಡೆನ್ಸ್ ಇಳಿಯುವುದು ಸಹಜ. ಸ್ಥಿರವಾಗಿದ್ದ ಅಂಕಿ ಮಧ್ಯದಲ್ಲಿ ಮೇಲೇರತೊಡಗಿದರೆ, ಅಥವಾ ಆ ವ್ಯಕ್ತಿ ಒಂದೇ ಚುಕ್ಕೆಯಲ್ಲಿ ಚುಚ್ಚಿದಂತೆ ಉರಿಯುತ್ತದೆ ಎಂದರೆ, ವಿದ್ಯುತ್ತನ್ನು ಇಳಿಸಿ ನಿಲ್ಲಿಸಿ ಪ್ಯಾಡ್ ತೆಗೆದು ಚರ್ಮ ನೋಡಿ. ಮೀಟರಿನ ಅಂಕಿಗಿಂತ ಅವರ ಮಾತೇ ಮೇಲು. ಪೇಸ್‌ಮೇಕರ್‌ನಂತಹ ಸಾಧನ ದೇಹದೊಳಗಿರುವವರ ಮೇಲೆ ವೈದ್ಯರ ಸ್ಪಷ್ಟ ನಿರ್ಧಾರವಿಲ್ಲದೆ ಪ್ರಚೋದನೆ ಮಾಡಲೇಬಾರದು. ದಾಖಲಾತಿಯಾಗಲಿ ಪ್ರಚೋದನೆಯಾಗಲಿ, ಮೈಗೆ ಜೋಡಿಸುವ ಉಪಕರಣ ಬ್ಯಾಟರಿಯಿಂದ ನಡೆಯುವಂಥದ್ದೋ ಗೋಡೆಯ ವಿದ್ಯುತ್ತು ಮೈಗೆ ತಲುಪದಂತೆ ತಡೆಯುವ ವೈದ್ಯಕೀಯ ದರ್ಜೆಯ ಪ್ರತ್ಯೇಕೀಕರಣವುಳ್ಳದ್ದೋ ಆಗಿರಬೇಕು. ಚಾರ್ಜ್ ಆಗುತ್ತಿರುವ ಲ್ಯಾಪ್‌ಟಾಪಿಗೆ ನೇರವಾಗಿ ತಗುಲಿಸಿದ ಸ್ವಂತ ಸರ್ಕ್ಯೂಟ್ ಸಲ್ಲದು.

ದಾಖಲಾತಿ ಶುರುವಾಗುವ ಮೊದಲು ಇಂಪೀಡೆನ್ಸ್ ಪರೀಕ್ಷೆಯನ್ನು ನಿಲ್ಲಿಸಿದ್ದೀರೆಂದು ಖಚಿತಪಡಿಸಿಕೊಳ್ಳಿ, ಇಲ್ಲವಾದರೆ ಪರೀಕ್ಷೆಯ ಪರ್ಯಾಯ ವಿದ್ಯುತ್ತೇ ಸಂಕೇತದಲ್ಲಿ ಬಂದು ಕೂರುತ್ತದೆ. ಕೆಲಸ ಮುಗಿದ ಮೇಲೆ, ಎಲೆಕ್ಟ್ರೋಡ್ ಕೀಳುವ ಮೊದಲು, ಅದೇ ಆವರ್ತನದಲ್ಲಿ ಇನ್ನೊಮ್ಮೆ ಅಳೆದು ಮೊದಲಿನ ಅಂಕಿಗಳ ಪಕ್ಕದಲ್ಲಿ ಬರೆಯಿರಿ. ಆರಂಭದಲ್ಲಿ 6 ಇದ್ದದ್ದು ಕೊನೆಗೆ 40 ಆಗಿದ್ದರೆ, ಆ ಚಾನೆಲಿನ ಕೊನೆಯ ಭಾಗವನ್ನು ಓದುವವರಿಗೆ ಅದು ಗೊತ್ತಿರಬೇಕು.