ಗುಡ್ಡದ ಮನೆಗೆ ಹೊತ್ತೊಯ್ಯುವ ವೆಲ್ಡಿಂಗ್ ಯಂತ್ರ: ಕೊಳ್ಳುವುದು ಹೇಗೆ?

ಹೊಸನಗರ ತಾಲ್ಲೂಕಿನ ಒಂದು ಒಂಟಿಮನೆ. ಬೈಕನ್ನು ರಸ್ತೆಯಲ್ಲೇ ನಿಲ್ಲಿಸಿ, ತೋಟದ ಕಾಲುಸಂಕ ದಾಟಿ, ದರೆ ಹತ್ತಿದ ಮೇಲೆ ಅಂಗಳ ಸಿಗುತ್ತದೆ. ಮಳೆ ಹಿಡಿಯುವ ಮೊದಲು ಅಂಗಳಕ್ಕೆ ಶೀಟಿನ ಮಾಡು ಹಾಕಿಕೊಡಬೇಕಿತ್ತು. ಕಂಬ ನಿಂತಿತ್ತು, ಚೌಕ ಪೈಪು ಕತ್ತರಿಸಿ ಆಗಿತ್ತು, ಹುಡುಗ ಏಣಿಯ ಮೇಲೆ ಪೈಪು ಹಿಡಿದು ಕಾಯುತ್ತಿದ್ದ. ಹೊಸದಾಗಿ ಕೊಂಡಿದ್ದ ಯಂತ್ರದ ಮೇಲೆ 250 ಆಂಪಿಯರ್ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ವೆಲ್ಡಿಂಗ್ ರಾಡನ್ನು ಪೈಪಿಗೆ ತಾಗಿಸಿದೆ, ಕಿಡಿ ಹಿಡಿಯದೆ ಅಂಟಿಕೊಂಡಿತು. ಕಿತ್ತು ಮತ್ತೆ ತಾಗಿಸಿದೆ, ಮತ್ತೆ ಅಂಟಿತು. ಮೀಟರ್ ಇಟ್ಟು ನೋಡಿದರೆ 230 ಇರಬೇಕಾದ ಪ್ಲಗ್ಗಿನಲ್ಲಿ ಇದ್ದದ್ದು 165 ವೋಲ್ಟ್. ಆ ದಿನ ಒಂದು ಟ್ಯಾಕ್, ಅಂದರೆ ತುಂಡುಗಳನ್ನು ಹಿಡಿದಿಡುವ ಚುಕ್ಕೆ ಬೆಸುಗೆ ಕೂಡ ಬೀಳಲಿಲ್ಲ. ಇಬ್ಬರ ಕೂಲಿ ಕೈಯಿಂದ ಹೋಯಿತು. ಎರಡು ದಿನಕ್ಕೆ ಮಳೆಯೂ ಬಂತು.

ಅಂದಿನಿಂದ ಯಾವ ಯಂತ್ರ ಕೊಳ್ಳಲಿ ಎಂದು ಕೇಳುವವರಿಗೆಲ್ಲ ನಾನು ಹೇಳುವುದು ಒಂದೇ ಮಾತು: ಸೈಟಿನಲ್ಲಿ ಟ್ಯಾಕ್ ಹಾಕುವ ಯಂತ್ರವನ್ನು ಅದು ಎಷ್ಟು ಆಂಪಿಯರ್ ಕೊಡುತ್ತದೆ ಎಂದು ನೋಡಿ ಆರಿಸಬೇಡಿ, ವೋಲ್ಟೇಜ್ ಇಳಿದು ಸೊರಗಿದ ಕರೆಂಟಿನಲ್ಲಿ ಅದು ಮೊದಲ ತಾಗುವಿಕೆಗೇ ಕಿಡಿ ಹಿಡಿಯುತ್ತದೆಯೇ ಎಂದು ನೋಡಿ ಆರಿಸಿ. ಹೇಗೆ ನೋಡುವುದು ಎಂಬುದನ್ನು ಹಂತಹಂತವಾಗಿ ಬರೆಯುತ್ತಿದ್ದೇನೆ.

ಹಂತ 1: ಕೆಲಸ ಎಷ್ಟು ಕೇಳುತ್ತದೆ?

ಮಲೆನಾಡಿನ ಸೈಟಿನ ಕೆಲಸ ಬಹುಪಾಲು ತೆಳು ಕಬ್ಬಿಣದ್ದು. ಮರದ ಪಕಾಸಿ, ರೀಪುಗಳಿದ್ದ ಜಾಗಕ್ಕೆ ಈಗ ಚೌಕ ಪೈಪು ಬಂದಿದೆ. ಅಡಿಕೆ ಅಂಗಳದ ಮಾಡು, ಕೊಟ್ಟಿಗೆ, ಗೇಟು, ಕಿಟಕಿ ಗ್ರಿಲ್ ಎಲ್ಲದರಲ್ಲೂ 1.6 ಅಥವಾ 2 ಮಿಲಿಮೀಟರ್ ದಪ್ಪದ ಪೈಪೇ ಹೆಚ್ಚು. ಇದಕ್ಕೆ 2.5 ಮಿಲಿಮೀಟರ್ ದಪ್ಪದ, 6013 ಎಂಬ ನಮೂನೆಯ ರಾಡ್ ಸಾಕು. ಅದು 60ರಿಂದ 90 ಆಂಪಿಯರಿನಲ್ಲಿ ಉರಿಯುತ್ತದೆ. ಕಂಬದ ಬುಡದ ಪ್ಲೇಟು, ದಪ್ಪ ಆಂಗಲ್, ಚಾನೆಲ್ ಇದ್ದರೆ 3.15ರ ರಾಡ್ ಬೇಕು. ಆಗ 90ರಿಂದ 130. ಅಂದರೆ ನಿಜವಾಗಿಯೂ 120–130 ಆಂಪಿಯರ್ ಕೊಡುವ ಯಂತ್ರವಿದ್ದರೆ ಇಲ್ಲಿಯ ಟ್ಯಾಕ್ ಕೆಲಸ ಮುಗಿಯಿತು.

‘ಡ್ಯೂಟಿ ಸೈಕಲ್’ ಎಂಬ ಶೇಕಡಾ ಲೆಕ್ಕವನ್ನು ಅಂಗಡಿಯವರು ಮುಂದಿಡುತ್ತಾರೆ. ಹತ್ತು ನಿಮಿಷದಲ್ಲಿ ಎಷ್ಟು ಹೊತ್ತು ನಿರಂತರವಾಗಿ ಉರಿಸಬಹುದು ಎಂಬುದೇ ಅದರ ಅರ್ಥ. ಶೇ 60 ಎಂದರೆ ಆರು ನಿಮಿಷ ಕೆಲಸ, ನಾಲ್ಕು ನಿಮಿಷ ವಿಶ್ರಾಂತಿ. ಒಂದು ಟ್ಯಾಕಿಗೆ ಎರಡು ಮೂರು ಸೆಕೆಂಡು ಹಿಡಿಯುತ್ತದೆ. ಪೈಪು ಎತ್ತಿ, ಮೂಲೆಮಟ್ಟ ಇಟ್ಟು, ತೂಗುಗುಂಡು ಬಿಟ್ಟು ನೇರ ನೋಡುವುದರಲ್ಲೇ ಉಳಿದ ಸಮಯ ಹೋಗುತ್ತದೆ. ಟ್ಯಾಕಿಗಷ್ಟೇ ಯಂತ್ರ ಬೇಕಾದವರು ಈ ಅಂಕಿಗೆ ಹೆಚ್ಚು ಹಣ ಕೊಡುವ ಅಗತ್ಯವಿಲ್ಲ.

ಹಂತ 2: ಸೈಟಿನ ಕರೆಂಟನ್ನು ಹೊರೆ ಹಾಕಿ ಅಳೆಯಿರಿ

ಯಂತ್ರ ನೋಡುವ ಮೊದಲು ನೀವು ಹೆಚ್ಚಾಗಿ ಕೆಲಸ ಮಾಡುವ ಮೂರು ನಾಲ್ಕು ಮನೆಗಳ ವೋಲ್ಟೇಜ್ ಬರೆದಿಟ್ಟುಕೊಳ್ಳಿ. ಟ್ರಾನ್ಸ್‌ಫಾರ್ಮರಿನಿಂದ ದೂರ ಇರುವ ಒಂಟಿಮನೆಗಳಲ್ಲಿ, ಅದರಲ್ಲೂ ತೋಟದ ಪಂಪುಗಳು ಓಡುವ ಹೊತ್ತಿನಲ್ಲಿ, ತಂತಿಯ ಉದ್ದವೇ ವೋಲ್ಟನ್ನು ತಿನ್ನುತ್ತದೆ.

ಇಲ್ಲಿ ಬಹಳ ಜನ ಎಡವುವುದು ಒಂದು ಕಡೆ. ಸುಮ್ಮನೆ ಪ್ಲಗ್ಗಿಗೆ ಮೀಟರ್ ಕಡ್ಡಿ ತೂರಿಸಿದರೆ 210 ತೋರಿಸುತ್ತದೆ. ಸಂತೋಷವಾಗುತ್ತದೆ. ಆದರೆ ಹೊರೆ ಬಿದ್ದೊಡನೆ ಅದೇ ಪ್ಲಗ್ಗಿನಲ್ಲಿ 170 ಉಳಿಯಬಹುದು. ಆದ್ದರಿಂದ ಮನೆಯವರನ್ನು ಕೇಳಿ ಗೀಸರ್ ಅಥವಾ ಪಂಪನ್ನು ಚಾಲು ಮಾಡಿಸಿ, ಅದು ಓಡುತ್ತಿರುವಾಗ ಅಳೆಯಿರಿ. ಹೊರೆ ಇಲ್ಲದಾಗಿನ ಅಂಕಿಗೂ ಹೊರೆ ಇದ್ದಾಗಿನ ಅಂಕಿಗೂ ಇರುವ ವ್ಯತ್ಯಾಸವೇ ಆ ಮನೆಯ ತಂತಿಯ ಯೋಗ್ಯತೆ.

80 ಆಂಪಿಯರಿಗೆ ಎಷ್ಟು ಎಳೆಯುತ್ತದೆ ಎಂಬ ಲೆಕ್ಕ ಕಷ್ಟದ್ದಲ್ಲ. ರಾಡಿನ ವೆಲ್ಡಿಂಗಿನಲ್ಲಿ ಕಿಡಿಯ ವೋಲ್ಟೇಜಿಗೆ ಒಂದು ಸೂತ್ರವಿದೆ: ಆಂಪಿಯರನ್ನು 0.04ರಿಂದ ಗುಣಿಸಿ 20 ಕೂಡಿಸಬೇಕು. 80 ಆಂಪಿಯರಿಗೆ ಸುಮಾರು 23 ವೋಲ್ಟ್. ಎರಡನ್ನೂ ಗುಣಿಸಿದರೆ 1.85 ಕಿಲೋವಾಟ್. ಯಂತ್ರದೊಳಗಿನ ನಷ್ಟ ಮತ್ತು ಪವರ್ ಫ್ಯಾಕ್ಟರನ್ನು (ಎಳೆದ ಕರೆಂಟಿನಲ್ಲಿ ನಿಜಕ್ಕೂ ಕೆಲಸಕ್ಕೆ ಬರುವ ಪಾಲು) ಸೇರಿಸಿದರೆ, ಎಲೆಕ್ಟ್ರಾನಿಕ್ ಬೋರ್ಡಿನಿಂದ ನಡೆಯುವ ಸಾಮಾನ್ಯ ‘ಇನ್ವರ್ಟರ್’ ವೆಲ್ಡಿಂಗ್ ಯಂತ್ರವೊಂದು ಮೂರು ಕೆವಿಎ (ವೋಲ್ಟ್ ಮತ್ತು ಆಂಪಿಯರಿನ ಗುಣಲಬ್ಧ, ಸಾವಿರದ ಲೆಕ್ಕದಲ್ಲಿ) ಆಸುಪಾಸು ಎಳೆಯುತ್ತದೆ. 230 ವೋಲ್ಟ್ ಇದ್ದಲ್ಲಿ ಅದು 13–14 ಆಂಪಿಯರ್. 170 ವೋಲ್ಟ್ ಇದ್ದಲ್ಲಿ 18. ಮನೆಯ ದೊಡ್ಡ ಮೂರು ಪಿನ್ನಿನ ಪ್ಲಗ್ಗು ಇರುವುದೇ 16 ಆಂಪಿಯರಿಗೆ. ಟಿ.ವಿ., ಮಿಕ್ಸಿಯ ಸಣ್ಣ ಪ್ಲಗ್ಗಿಗಂತೂ ವೆಲ್ಡಿಂಗ್ ಯಂತ್ರವನ್ನು ಎಂದೂ ಸಿಕ್ಕಿಸಬೇಡಿ. ಒಳಗಿನ ತಂತಿ ಕಾಯುವುದು ಕಣ್ಣಿಗೆ ಕಾಣುವುದಿಲ್ಲ.

ಹಂತ 3: ಹಿಂಬದಿಯ ಫಲಕ ಓದಿ

ಯಂತ್ರದ ಮುಂಭಾಗದ ಬಣ್ಣದ ಅಕ್ಷರಗಳನ್ನು ಬಿಟ್ಟು ಹಿಂಭಾಗದ ಲೋಹದ ಅಥವಾ ಅಂಟಿಸಿದ ಫಲಕಕ್ಕೆ ಬನ್ನಿ. ಮೇಲಿನ ಸೂತ್ರವನ್ನೇ ಇಲ್ಲೂ ಬಳಸಬಹುದು. ಮುಂಭಾಗದಲ್ಲಿ 200 ಎಂದು ಬರೆದಿದ್ದರೆ, 200 ಆಂಪಿಯರಿಗೆ 28 ವೋಲ್ಟ್, ಅಂದರೆ ಹೊರಬರಬೇಕಾದದ್ದು 5.6 ಕಿಲೋವಾಟ್. ಇಷ್ಟು ಕೊಡಲು ಯಂತ್ರ ಒಳಗೆ 35–40 ಆಂಪಿಯರ್ ಎಳೆಯಲೇಬೇಕು. ಫಲಕದಲ್ಲಿ ಒಳಹರಿವಿನ ಗರಿಷ್ಠ ಕರೆಂಟು 20 ಎಂದೋ 22 ಎಂದೋ ಇದ್ದರೆ, ಅಥವಾ ಹಿಂದಿನಿಂದ ಬೆರಳಿಗಿಂತ ಸಣ್ಣ ತಂತಿ, 16 ಆಂಪಿಯರಿನ ಪ್ಲಗ್ಗು ಬಂದಿದ್ದರೆ, ಆ 200 ಎಂಬುದು ಕೇವಲ ಹೆಸರು. ಅಂತಹ ಯಂತ್ರ 110ರಿಂದ 120 ಕೊಡಬಹುದು. ನಮ್ಮ ಕೆಲಸಕ್ಕೆ ಅಷ್ಟು ಸಾಕು. ಆದರೆ 120ರ ಯಂತ್ರಕ್ಕೆ 200ರ ಬೆಲೆ ಕೊಡಬಾರದು.

ಫಲಕದಲ್ಲಿ ನಾನು ಮೊದಲು ಹುಡುಕುವುದು ಒಳಹರಿವಿನ ವೋಲ್ಟೇಜಿನ ವ್ಯಾಪ್ತಿ. 230 ಎಂದು ಒಂದೇ ಅಂಕಿ ಇದ್ದರೆ ಶಿವಮೊಗ್ಗ ಪೇಟೆಗೆ ಸರಿ. ಗುಡ್ಡದ ಕೆಲಸಕ್ಕೆ 160ರಿಂದ, ಸಾಧ್ಯವಾದರೆ 140ರಿಂದಲೇ ಓಡುವ ಯಂತ್ರ ಕೇಳಿ. ನಂತರ ‘ಹಾಟ್ ಸ್ಟಾರ್ಟ್’ ಇದೆಯೇ ನೋಡಿ: ರಾಡ್ ತಾಗಿದ ಕ್ಷಣದಲ್ಲಿ ಕರೆಂಟನ್ನು ತುಸು ಏರಿಸಿ ಕಿಡಿ ಹಿಡಿಸುವ ವ್ಯವಸ್ಥೆ ಅದು. ಉದ್ದ ಹೊಲಿಗೆ ಹಾಕುವವನು ಒಂದು ರಾಡಿಗೆ ಒಮ್ಮೆ ಕಿಡಿ ಹಚ್ಚುತ್ತಾನೆ. ಟ್ಯಾಕ್ ಹಾಕುವವನು ಅದೇ ರಾಡಿನಲ್ಲಿ ಹತ್ತಿಪ್ಪತ್ತು ಸಲ ಹಚ್ಚಬೇಕು, ಅದೂ ತುದಿಗೆ ಸ್ಲ್ಯಾಗ್ (ಕರಗಿ ಗಟ್ಟಿಯಾದ ಲೇಪದ ಕಿಟ್ಟ) ಮೆತ್ತಿಕೊಂಡ ಅರ್ಧ ರಾಡಿನಿಂದ. ಹಾಗಾಗಿ ನಮಗೆ ಇದು ಬೇಕೇ ಬೇಕು. ಜೊತೆಗೆ ‘ಆಂಟಿ ಸ್ಟಿಕ್’ ಇದ್ದರೆ ಅಂಟಿದ ರಾಡ್ ಕೆಂಪಗೆ ಕಾಯುವ ಮೊದಲೇ ಕರೆಂಟು ಇಳಿಯುತ್ತದೆ.

‘ಐಪಿ’ ಎಂಬ ಅಕ್ಷರಗಳ ಮುಂದಿನ ಅಂಕಿಯನ್ನೂ ಗಮನಿಸಿ. 21 ಎಂದರೆ ನೇರ ಮೇಲಿನಿಂದ ಬೀಳುವ ಹನಿಯನ್ನು ಯಂತ್ರ ತಡೆಯುತ್ತದೆ. 23 ಎಂದರೆ ಓರೆಯಾಗಿ ಬರುವ ಇರಿಚಲನ್ನೂ ತಡೆಯುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ನಮ್ಮ ಕಡೆ ಮಳೆ ನೇರವಾಗಿ ಬೀಳುವುದೂ ಕಡಿಮೆ. ಹಾಗೆಂದು 23 ಇರುವ ಯಂತ್ರವನ್ನು ಮಳೆಯಲ್ಲಿ ಓಡಿಸಬಹುದು ಎಂದು ಯಾರೂ ತಿಳಿಯಬಾರದು. ರಾಡ್ ತಾಗಿಸದೆ ಇರುವಾಗ, ರಾಡ್ ಸಿಕ್ಕಿಸುವ ಹೋಲ್ಡರಿನಲ್ಲಿ 60–80 ವೋಲ್ಟ್ ನಿಂತಿರುತ್ತದೆ. ಒದ್ದೆ ಕೈಗವಸು, ಒದ್ದೆ ಏಣಿ, ಬೆವರಿದ ಮೈ ಇದ್ದಲ್ಲಿ ಅದು ಜೀವಕ್ಕೆ ಅಪಾಯ. ಸುಮ್ಮನಿರುವಾಗ ಈ ವೋಲ್ಟೇಜನ್ನು ಇಳಿಸಿಡುವ ‘ವಿಆರ್‌ಡಿ’ ಇರುವ ಯಂತ್ರ ಸಿಕ್ಕರೆ ಸ್ವಲ್ಪ ಹೆಚ್ಚು ಕೊಟ್ಟಾದರೂ ಕೊಳ್ಳಿ.

ತೂಕದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಹಳೆಯ ಟ್ರಾನ್ಸ್‌ಫಾರ್ಮರ್ ಯಂತ್ರ ಗಟ್ಟಿಮುಟ್ಟು, ಆದರೆ ಅದನ್ನು ಸಂಕ ದಾಟಿಸಲು ಇಬ್ಬರು ಬೇಕು. ಇನ್ವರ್ಟರ್ ಯಂತ್ರ ನಾಲ್ಕರಿಂದ ಎಂಟು ಕಿಲೋ. ಹೆಗಲಿಗೆ ಹಾಕುವ ಪಟ್ಟಿ ಇರಲಿ. ರಾಡಿನ ಬದಲು ಸುರುಳಿಯಿಂದ ಬರುವ ತಂತಿಯನ್ನು ಉರಿಸುವ ‘ಮಿಗ್’ ಯಂತ್ರಗಳೂ ಈಗ ಸಣ್ಣದಾಗಿ ಬರುತ್ತಿವೆ. ಆದರೆ ಬೆಸುಗೆಯನ್ನು ಕಾಯಲು ಗ್ಯಾಸ್ ಬಳಸಿದರೆ ಗುಡ್ಡದ ಗಾಳಿ ಅದನ್ನು ಹಾರಿಸುತ್ತದೆ, ಗ್ಯಾಸಿಲ್ಲದ ತಂತಿಯ ಸುರುಳಿಗೆ ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ. ಸೈಟಿಗೆ ರಾಡಿನ ಯಂತ್ರವೇ ನನ್ನ ಆಯ್ಕೆ.

ಹಂತ 4: ಎಕ್ಸ್‌ಟೆನ್ಷನ್ ತಂತಿಗೂ ಹಣ ಇಡಿ

ಹತ್ತು ಸಾವಿರ ರೂಪಾಯಿ ಆಸುಪಾಸಿನ ಯಂತ್ರ ಕೊಂಡು, ಮದುವೆ ಮನೆಯ ಲೈಟಿಗೆ ಎಳೆಯುವ ತಂತಿಯಲ್ಲಿ ಅದನ್ನು ಓಡಿಸುವವರನ್ನು ಕಂಡಿದ್ದೇನೆ. 30 ಮೀಟರ್ ಉದ್ದದ 1 ಚದರ ಮಿಲಿಮೀಟರ್ ತಾಮ್ರದ ತಂತಿಯಲ್ಲಿ 15 ಆಂಪಿಯರ್ ಹರಿದರೆ ಸುಮಾರು 17 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ. ಅದೇ ಉದ್ದದ 2.5 ಚದರ ಮಿಲಿಮೀಟರಿನ ತಂತಿಯಲ್ಲಿ ಏಳು ವೋಲ್ಟ್ ಅಷ್ಟೇ. 175 ವೋಲ್ಟ್ ಇರುವ ಮನೆಯಲ್ಲಿ ಈ ಹತ್ತು ವೋಲ್ಟೇ ಕಿಡಿ ಹಿಡಿಯುವುದಕ್ಕೂ ರಾಡ್ ಅಂಟುವುದಕ್ಕೂ ನಡುವಿನ ವ್ಯತ್ಯಾಸ. ಸುರುಳಿಯಲ್ಲಿ ತಂತಿ ಉಳಿಸಿ ಕೆಲಸ ಮಾಡಬೇಡಿ, ಪೂರ್ತಿ ಬಿಚ್ಚಿ ಹಾಸಿ. ಸುತ್ತಿಟ್ಟ ತಂತಿ ತನ್ನದೇ ಶಾಖದಲ್ಲಿ ಕರಗುತ್ತದೆ.

ಕರೆಂಟೇ ಇಲ್ಲದ ಸೈಟಿಗೆ ಜನರೇಟರ್ ಬಾಡಿಗೆಗೆ ತರುವುದಾದರೆ, 80 ಆಂಪಿಯರಿನ ಟ್ಯಾಕಿಗೆ ಐದು ಕೆವಿಎ ಇರುವುದನ್ನೇ ತನ್ನಿ. ಲೆಕ್ಕ ಮೂರು ಹೇಳಿದರೂ ಕಿಡಿ ಹತ್ತಿದಾಗಲೆಲ್ಲ ಸಣ್ಣ ಜನರೇಟರ್ ಕುಸಿದು ಮತ್ತೆ ಏರುತ್ತದೆ. ಆ ಏರಿಳಿತ ಯಂತ್ರದ ಬೋರ್ಡನ್ನು ಸುಡಬಹುದು.

ಹಂತ 5: ಅಂಗಡಿಯಲ್ಲಿ ಕಿಡಿ ಹಚ್ಚಿ ನೋಡಿ

ಶಿವಮೊಗ್ಗಕ್ಕೆ ಹೋಗುವಾಗ ನಿಮ್ಮದೇ ಎಕ್ಸ್‌ಟೆನ್ಷನ್ ತಂತಿ, ನಿಮ್ಮದೇ 2.5ರ ರಾಡ್, ಎರಡು ತುಂಡು 1.6 ಮಿಲಿಮೀಟರಿನ ಪೈಪು ಒಯ್ಯಿರಿ. ಪೇಟೆಯ ಕರೆಂಟು ಚೆನ್ನಾಗಿರುತ್ತದೆ, ಅಲ್ಲಿ ಯಾವ ಯಂತ್ರವಾದರೂ ಕಿಡಿ ಹಾರಿಸುತ್ತದೆ. ಅದಕ್ಕೇ ಉದ್ದ ತಂತಿ. ಆಂಪಿಯರನ್ನು 65–70ಕ್ಕೆ ಇಟ್ಟು, ಒಂದೇ ರಾಡಿನಲ್ಲಿ ಬಿಟ್ಟು ಬಿಟ್ಟು ಇಪ್ಪತ್ತು ಟ್ಯಾಕ್ ಹಾಕಿ. ಎಷ್ಟು ಮೊದಲ ತಾಗುವಿಕೆಗೆ ಹತ್ತಿತು, ಎಷ್ಟು ಅಂಟಿತು, ಎಷ್ಟು ಕಡೆ ಪೈಪು ತೂತಾಯಿತು ಎಣಿಸಿ. ಇಪ್ಪತ್ತರಲ್ಲಿ ಮೂರಕ್ಕಿಂತ ಹೆಚ್ಚು ಅಂಟಿದರೆ ನಾನು ಆ ಯಂತ್ರವನ್ನು ಕೆಳಗಿಡುತ್ತೇನೆ. ತೆಳು ಪೈಪು ತೂತಾಗುತ್ತಿದ್ದರೆ ಹೋಲ್ಡರಿನ ತಂತಿಯನ್ನು ಯಂತ್ರದ ಋಣ (ಮೈನಸ್) ತುದಿಗೆ ಬದಲಿಸಿ ಇನ್ನೊಮ್ಮೆ ನೋಡಿ. ಪರೀಕ್ಷಿಸಲು ಬಿಡದ ಅಂಗಡಿಯಲ್ಲಿ ಕೊಳ್ಳಬೇಡಿ.

ಪರೀಕ್ಷೆಗೆ ಒಯ್ಯುವ ರಾಡ್ ಒಣಗಿರಲಿ. ತಂಡಿ ಹಿಡಿದ ರಾಡ್ ಒಳ್ಳೆಯ ಯಂತ್ರಕ್ಕೂ ಕೆಟ್ಟ ಹೆಸರು ತರುತ್ತದೆ. 6013 ರಾಡನ್ನು 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಒಂದು ಗಂಟೆ ಇಟ್ಟರೆ ಸರಿಯಾಗುತ್ತದೆ. ಆಮೇಲೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ.

ಬೋರ್ಡ್ ಕೆಟ್ಟರೆ ಜಿಲ್ಲೆಯೊಳಗೇ ರಿಪೇರಿ ಆಗುತ್ತದೆಯೇ, ಬಿಡಿಭಾಗಕ್ಕೆ ಎಷ್ಟು ದಿನ ಎಂದು ಬಿಲ್ ಹಾಕಿಸುವ ಮೊದಲೇ ಕೇಳಿ. ಮಳೆಗಾಲದಲ್ಲಿ ಮೂಲೆಗಿಟ್ಟ ಯಂತ್ರದ ಗಾಳಿಕಿಂಡಿಯೊಳಗೆ ಇರುವೆ, ಹಲ್ಲಿ ಸೇರುತ್ತವೆ, ಕಣಜ ಮಣ್ಣಿನ ಗೂಡು ಕಟ್ಟುತ್ತದೆ. ಸುಗ್ಗಿಗೆ ತೆಗೆದು ಚಾಲು ಮಾಡಿದ ದಿನವೇ ಬೋರ್ಡ್ ಹೋಗುವುದು ಇದರಿಂದ. ಬಟ್ಟೆ ಚೀಲದಲ್ಲಿ ಕಟ್ಟಿ ಎತ್ತರದಲ್ಲಿಡಿ, ವಾರಕ್ಕೊಮ್ಮೆ ಹತ್ತು ನಿಮಿಷ ಫ್ಯಾನ್ ಓಡಿಸಿ. ಗ್ರೈಂಡರ್ ಹಿಡಿಯುವಾಗ ಯಂತ್ರವನ್ನು ದೂರ ಸರಿಸಿ; ಕಬ್ಬಿಣದ ಪುಡಿಯನ್ನು ಫ್ಯಾನ್ ಒಳಗೆಳೆಯುತ್ತದೆ.

ಹಂತ 6: ಎರಡು ಮುಖವಾಡ

ಯಂತ್ರದ ಹಣದಿಂದ ಎರಡು ಮುಖವಾಡಗಳ ಹಣವನ್ನು ಮೊದಲೇ ತೆಗೆದಿಡಿ. ಟ್ಯಾಕ್ ಹಾಕುವಾಗ ಒಂದು ಚುಕ್ಕೆ ತಾನೇ ಎಂದು ಕಣ್ಣು ಮುಚ್ಚಿ ಹೊಡೆಯುವ ಅಭ್ಯಾಸ ನಮ್ಮಲ್ಲಿ ಬಹಳ. ದಿನಕ್ಕೆ ಇನ್ನೂರು ಚುಕ್ಕೆ ಆಗುತ್ತದೆ. ಪೈಪು ಹಿಡಿದ ಹುಡುಗನಂತೂ ಕಿಡಿಯಿಂದ ಎರಡಡಿ ದೂರದಲ್ಲಿ ಬರಿಗಣ್ಣಿನಲ್ಲಿ ನಿಂತಿರುತ್ತಾನೆ. ಸಂಜೆಯವರೆಗೆ ಏನೂ ಆಗುವುದಿಲ್ಲ. ನಡುರಾತ್ರಿ ಕಣ್ಣಿಗೆ ಮರಳು ಎರಚಿದಂತಾಗಿ ನೀರು ಸುರಿಯತೊಡಗುತ್ತದೆ. ಕಿಡಿ ಕಂಡೊಡನೆ ತಾನೇ ಕಪ್ಪಾಗುವ ಮುಖವಾಡವನ್ನು ನೀವು ಹಾಕಿಕೊಂಡರೆ ಎರಡೂ ಕೈ ಬಿಡುವಾಗಿರುತ್ತವೆ. ಅದನ್ನು 10ನೇ ಶೇಡಿಗೆ (ಗಾಜು ಎಷ್ಟು ಕಪ್ಪಾಗಬೇಕು ಎಂಬ ಅಂಕಿ) ಇಟ್ಟುಕೊಳ್ಳಿ. ಹುಡುಗನಿಗೂ ಅಂಥದ್ದೇ ಒಂದು ಕೊಡಿ. ಸತು ಲೇಪಿತ ಜಿ.ಐ. ಪೈಪಾದರೆ ಟ್ಯಾಕ್ ಬೀಳುವ ಜಾಗದ ಸತುವನ್ನು ಮೊದಲೇ ಉಜ್ಜಿ ತೆಗೆಯಿರಿ, ಇಬ್ಬರೂ ಗಾಳಿ ಬರುವ ಕಡೆ ಬೆನ್ನು ಹಾಕದೆ ಓರೆಯಾಗಿ ನಿಲ್ಲಿ, ಹೊಗೆ ಮುಖಕ್ಕೆ ತಿರುಗದಂತೆ. ಆ ಬಿಳಿ ಹೊಗೆ ಕುಡಿದವರಿಗೆ ರಾತ್ರಿ ಚಳಿಜ್ವರ ಬರುತ್ತದೆ. ಉಜ್ಜಿದ ಜಾಗಕ್ಕೆ ಕೆಲಸ ಮುಗಿದ ದಿನವೇ ಸತುವಿನ ಬಣ್ಣ ಬಳಿದು ಇಳಿಯಿರಿ; ನಮ್ಮ ಮಳೆಯಲ್ಲಿ ತುಕ್ಕು ಹಿಡಿಯಲು ಶುರುವಾಗುವುದು ಟ್ಯಾಕ್ ಬಿದ್ದ ಆ ಜಾಗದಿಂದಲೇ.