ಇನ್ನೊಂದು ಮಿನಾರ್ ಎಲ್ಲಿ? ಬೀದರ್‌ನಲ್ಲಿ ನನ್ನ ಒಂದು ದಿನದ ಟೂರ್

ನಾನು ಬೀದರ್‌ನವನು. ವಾರದ ದಿನ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕ, ಇತಿಹಾಸದ ಪಾಠ. ಭಾನುವಾರ ಮತ್ತು ರಜೆಯಲ್ಲಿ ಗೈಡ್. ಇದರಲ್ಲಿ ಯಾವುದು ಕಸುಬು, ಯಾವುದು ಉಪಕಸುಬು ಅಂತ ಕೇಳಿದರೆ ಆಯಾ ತಿಂಗಳು ನೋಡಿ ಹೇಳಬೇಕು.

ಮೊದಲ ಟೂರ್ ಮಾಡಿದಾಗ ಪಾಠ ಮಾಡುವ ಚಟ ಬಿಟ್ಟಿರಲಿಲ್ಲ. ಕಲಬುರಗಿಯಿಂದ ಹನ್ನೊಂದು ಮಂದಿ ಬಂದಿದ್ದರು. ಒಂದೇ ಮನೆಯವರು, ಅಜ್ಜನಿಂದ ಹಿಡಿದು ಮೊಮ್ಮಕ್ಕಳ ತನಕ. ಖಿಲ್ಲಾದ ಬಾಗಿಲಲ್ಲೇ ನಿಲ್ಲಿಸಿಕೊಂಡು ಶುರು ಮಾಡಿದೆ. 1347ರಲ್ಲಿ ಬಹಮನಿ ರಾಜ್ಯ ಹುಟ್ಟಿದ್ದು, ಅಹ್ಮದ್ ಶಾ ರಾಜಧಾನಿಯನ್ನು ನಿಮ್ಮ ಕಲಬುರಗಿಯಿಂದ ಎತ್ತಿ ಇಲ್ಲಿಗೆ ತಂದದ್ದು, 1432ರಲ್ಲಿ ಕೋಟೆ ಮುಗಿದದ್ದು, ಆಮೇಲೆ ಬರೀದ್ ಶಾಹಿ, ಆದಿಲ್ ಶಾಹಿ, ಮೊಗಲರು, ನಿಜಾಮ. ಇಪ್ಪತ್ತೈದು ನಿಮಿಷ ಆಯಿತು. ಅಜ್ಜ ಕಟ್ಟೆ ಹುಡುಕಿಕೊಂಡು ಕೂತುಬಿಟ್ಟರು. ಎಂಟು ವರ್ಷದ ಒಬ್ಬ ಹುಡುಗ ನನ್ನ ಅಂಗಿ ಜಗ್ಗಿದ. “ಸರ, ಅದೆಲ್ಲಾ ಇರ್ಲಿ. ಇಲ್ಲಿ ಲಡಾಯಿ ಆಗಿದ್ದು ಎಲ್ಲಿ ಕಾಣ್ತದ್ರಿ?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಯುದ್ಧ ಯಾವ ವರ್ಷ ಆಯಿತು ಅಂತ ಗೊತ್ತಿತ್ತು, ಅದು ಎಲ್ಲಿ ಕಾಣುತ್ತೆ ಅಂತ ಯೋಚಿಸಿರಲೇ ಇಲ್ಲ. ಮುಂದಿನ ಭಾನುವಾರ ಒಬ್ಬನೇ ಸೈಕಲ್ ಹತ್ತಿ ಊರು ಸುತ್ತಿದೆ. ಈಗ ನಾನು ಮಾಡುವ ಟೂರ್ ಆ ಸುತ್ತಾಟದಲ್ಲಿ ಹುಟ್ಟಿದ್ದು. ರಾಜರ ಪಟ್ಟಿ ಬಿಟ್ಟೆ. ಮದ್ದು ಹಿಡಿದೆ. ಮದ್ದು ಅಂದರೆ ತೋಪಿಗೆ ತುಂಬುವ ಸಿಡಿಮದ್ದು.

ಬೆಳಿಗ್ಗೆ ಏಳಕ್ಕೆ ಎಲ್ಲರಿಗೂ ಸುಸಲಾ, ಮಿರ್ಚಿ ಭಜಿ, ಚಾ. ಏಳೂವರೆಗೆ ಮಹಮೂದ್ ಗಾವಾನನ ಮದರಸಾ ಎದುರು ನಿಂತಿರಬೇಕು. ಮೊದಮೊದಲು ಇದನ್ನು ಸಂಜೆಗೆ ಇಟ್ಟಿದ್ದೆ. ಅದು ತಪ್ಪು. ಕಟ್ಟಡದ ಮುಖ ಪೂರ್ವಕ್ಕಿದೆ, ಸಂಜೆ ಪೂರಾ ನೆರಳು. ಬೆಳಗಿನ ಬಿಸಿಲು ನೇರ ಬಿದ್ದಾಗ ಮಿನಾರಿನ ಮೇಲೆ ಉಳಿದಿರುವ ನೀಲಿ, ಹಳದಿ, ಹಸಿರು ಹಂಚಿನ ಚೂರುಗಳು ಒದ್ದೆ ಮಾಡಿದ ಹಾಗೆ ಹೊಳೆಯುತ್ತವೆ. ಇಡೀ ಮೈಗೆ ಆ ಹಂಚು ಇದ್ದಾಗ ಹೇಗಿದ್ದಿರಬೇಕು ಅಂತ ಯಾರಾದರೂ ಒಬ್ಬರು ತಾವಾಗಿಯೇ ಕೇಳುತ್ತಾರೆ.

ಅಲ್ಲಿ ನಾನು ಹೇಳೋದು ಸ್ವಲ್ಪ. ಗಾವಾನ್ ಇರಾನಿನ ಗಿಲಾನ್ ಕಡೆಯವನು, ವ್ಯಾಪಾರಕ್ಕೆ ಅಂತ ಬಂದವನು ಬಹಮನಿಗಳ ಪ್ರಧಾನಿಯಾದ. 1472ರಲ್ಲಿ ಈ ಮೂರಂತಸ್ತಿನ ಮದರಸಾ ಕಟ್ಟಿಸಿದ. ಒಳಗೆ ಪಾಠದ ಕೋಣೆ, ವಿದ್ಯಾರ್ಥಿಗಳಿಗೆ ಇರೋಕೆ ಕೋಣೆ, ದೊಡ್ಡ ಗ್ರಂಥಾಲಯ. ಒಂಬತ್ತು ವರ್ಷಕ್ಕೆ, 1481ರಲ್ಲಿ, ಅವನ ತಲೆಯೇ ಹೋಯಿತು. ಆಸ್ಥಾನದಲ್ಲಿ ಆಗದವರು ಅವನ ಮೊಹರು ಬಿದ್ದ ಖಾಲಿ ಕಾಗದ ಸಂಪಾದಿಸಿ, ಒಡಿಶಾ ರಾಜನಿಗೆ “ದಂಡೆತ್ತಿ ಬಾ” ಅಂತ ಅವನೇ ಬರೆದ ಹಾಗೆ ಬರೆದು ಸುಲ್ತಾನನಿಗೆ ತೋರಿಸಿದರು. ಒಮ್ಮೆ ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತರಾದ ಒಬ್ಬರು ಇದನ್ನು ಕೇಳಿ, “ಅದಕ್ಕೇ ನಾವು ಖಾಲಿ ಚೆಕ್ಕಿಗೆ ಸೈನ್ ಮಾಡಬೇಡಿ ಅನ್ನೋದು” ಎಂದರು. ಆವತ್ತಿನಿಂದ ಆ ಮಾತು ನನ್ನದಾಗಿದೆ.

ಇಷ್ಟು ಹೇಳಿ ಒಂದು ಪ್ರಶ್ನೆ ಕೇಳುತ್ತೇನೆ. ಮುಂದಿನ ಎರಡು ಮೂಲೆಗೆ ಎರಡು ಮಿನಾರ್ ಇದ್ದವು. ಈಗ ಒಂದೇ ಇದೆ, ಕಟ್ಟಡದ ಒಂದು ಭಾಗವೂ ಹೋಗಿದೆ. ಇನ್ನೊಂದು ಎಲ್ಲಿ ಹೋಯಿತು? ಭೂಕಂಪ ಅನ್ನುತ್ತಾರೆ, ಹಳೇದಾಗಿ ಬಿತ್ತು ಅನ್ನುತ್ತಾರೆ, ಕಲ್ಲು ಕದ್ದರು ಅನ್ನುತ್ತಾರೆ. ನಾನು ಉತ್ತರ ಹೇಳೋದಿಲ್ಲ. “ಖಿಲ್ಲಾದಾಗ ಹೇಳ್ತೀನಿ, ಬರ್ರಿ” ಅಂತ ಟೆಂಪೊ ಹತ್ತಿಸುತ್ತೇನೆ. ಇದು ಹಳೇ ಮೇಷ್ಟ್ರ ಬುದ್ಧಿ, ಆದರೆ ಕೆಲಸ ಮಾಡುತ್ತೆ. ಖಿಲ್ಲಾದಲ್ಲಿ ಮೂರು ತಾಸು ನಡೆಸಬೇಕು, ಕಾಲು ನೋಯುತ್ತೆ ಅನ್ನುವವರಿಗೆ ಏನಾದರೂ ಬಾಕಿ ಇರಬೇಕು.

ಖಿಲ್ಲಾ ಒಳಗೆ ನನ್ನ ಹತ್ತಿರ ಇರುವ ನಿಜವಾದ ಜ್ಞಾನ ಅಂದರೆ ನೆರಳು. ಎಂಟೂವರೆಗೆ ಶರ್ಜಾ ದರ್ವಾಜಾದ ಕಮಾನಿನ ಕೆಳಗೆ, ಮೇಲೆ ಕೆತ್ತಿದ ಎರಡು ಹುಲಿ ನೋಡಿಕೊಂಡು. ಒಂಬತ್ತಕ್ಕೆ ಗುಂಬದ್ ದರ್ವಾಜಾ. ಹತ್ತರ ಮೇಲೆ ಯಾವ ಗೋಡೆಯ ಯಾವ ಪಕ್ಕ ಅಂತ ಬಾಯಿಪಾಠ ಆಗಿದೆ. ಬಿಸಿಲಲ್ಲಿ ನಿಂತವರಿಗೆ ಔರಂಗಜೇಬ ಬಂದರೂ ಬೇಡ. ಪ್ರತಿ ಬಾಗಿಲು ದಾಟಿದ ಮೇಲೆ ತಲೆ ಎಣಿಸುತ್ತೇನೆ. ಒಮ್ಮೆ ಎಣಿಸದೆ ಬಂದು, ಒಬ್ಬ ಅಕ್ಕಾರು ತಖ್ತ್ ಮಹಲಿನ ಹತ್ತಿರ ಉಳಿದು, ನಾನು ವಾಪಸ್ ಓಡಿದ್ದೇನೆ.

ಕಂದಕದ ಹತ್ತಿರ ಜಾಸ್ತಿ ಹೊತ್ತು ನಿಲ್ಲುತ್ತೇವೆ. ಅಲ್ಲಿ ಕಂದಕ ಒಂದಲ್ಲ, ಮೂರು ಪಟ್ಟು. ಕಟ್ಟಿದ್ದಲ್ಲ, ಕೆಂಪು ಜಂಬಿಟ್ಟಿಗೆಯ ನೆಲವನ್ನೇ ಕೊರೆದದ್ದು, ನಡುವೆ ಕಲ್ಲಿನ ಗೋಡೆ ಹಾಗೇ ಬಿಟ್ಟದ್ದು. ಇಲ್ಲಿ ನಿಲ್ಲಿಸಿ 1657ರ ಮುತ್ತಿಗೆ ಹೇಳುತ್ತೇನೆ. ಆಗ ಕೋಟೆ ಬಿಜಾಪುರದವರ ಕೈಯಲ್ಲಿತ್ತು. ಕಿಲ್ಲೇದಾರ ಸಿದ್ದಿ ಮರ್ಜಾನ್, ಆಫ್ರಿಕಾ ಮೂಲದವನು. ಹೊರಗೆ ಶಹಜಹಾನನ ಮಗ ಔರಂಗಜೇಬ, ಇನ್ನೂ ಬಾದಶಹ ಆಗಿರಲಿಲ್ಲ, ಜೊತೆಗೆ ಮೊಗಲರ ಸರದಾರ ಮೀರ್ ಜುಮ್ಲಾ. ಮೊಗಲರು ತೋಪುಗಳನ್ನು ಕಂದಕದ ಅಂಚಿನ ತನಕ ತಳ್ಳಿಕೊಂಡು ಬಂದರು, ಕಂದಕ ತುಂಬಿಸುತ್ತಾ ಹೋದರು. ಎರಡು ಬುರುಜು ಕುಸಿದವು. ಆದರೂ ಒಳಗಿನವರು ಜಗ್ಗಲಿಲ್ಲ. ಕೊನೆಗೆ ಒಂದು ಕಿಡಿ ಹೋಗಿ ಗೋಡೆಯ ಹಿಂದೆ ರಾಶಿ ಹಾಕಿದ್ದ ಮದ್ದಿಗೆ ಬಿತ್ತು. ಸಿದ್ದಿ ಮರ್ಜಾನ್ ಮತ್ತು ಅವನ ಇಬ್ಬರು ಮಕ್ಕಳು ಮೈಯೆಲ್ಲ ಸುಟ್ಟುಕೊಂಡರು. ಪ್ರಾಣ ಇರುವಾಗಲೇ ಕೋಟೆಯ ಬೀಗದ ಕೈ ಕೊಟ್ಟು ಕಳಿಸಿದ. 27 ದಿನದ ಮುತ್ತಿಗೆ. ಒಳಗೆ ಮೊಗಲರಿಗೆ ಸಿಕ್ಕ ತೋಪು 230.

ಅಂದರೆ ಈ ಕೋಟೆಯನ್ನು ಹೊರಗಿನ ತೋಪಿಗಿಂತ ಒಳಗಿನ ಮದ್ದೇ ಕೆಡವಿತು ಅಂತ ನನ್ನ ವಾದ. ಇತಿಹಾಸದ ಸಹೋದ್ಯೋಗಿಯೊಬ್ಬರು ಒಪ್ಪೋದಿಲ್ಲ, ಮೀರ್ ಜುಮ್ಲಾನ ತೋಪುಗಳಿಗೆ ನಾನು ಅನ್ಯಾಯ ಮಾಡುತ್ತೇನಂತೆ. ಇರಬಹುದು.

ಮಿನಾರಿನ ಪ್ರಶ್ನೆಗೆ ಉತ್ತರ ಇಲ್ಲೇ ಕೊಡುತ್ತೇನೆ. ಊರು ಹಿಡಿದ ಮೇಲೆ ಮೊಗಲರು ಮದರಸಾವನ್ನು ಸೈನಿಕರ ಠಾಣೆ ಮಾಡಿಕೊಂಡರು, ಕೆಲವು ಕೋಣೆಯಲ್ಲಿ ಮದ್ದು ತುಂಬಿದರು. 1696ರಲ್ಲಿ ಅದು ಸಿಡಿಯಿತು. ಮಿನಾರ್ ಹೋಯಿತು. ಗುಂಪಿನಲ್ಲಿ ಒಂದು ಕ್ಷಣ ಸುಮ್ಮನಾಗುತ್ತಾರೆ. ಪುಸ್ತಕ ಇಡುವ ಮನೆಯಲ್ಲಿ ಮದ್ದು ಇಟ್ಟರು ಅನ್ನೋದು ಯಾರಿಗೂ ವಿವರಿಸಬೇಕಾಗಿಲ್ಲ. ಸಿಡಿಲು ಬಡಿದು ಮದ್ದು ಹತ್ತಿಕೊಂಡಿತು ಅನ್ನುವವರೂ ಇದ್ದಾರೆ, ಅದನ್ನೂ ಹೇಳುತ್ತೇನೆ.

ಮುಂಡಾ ಬುರುಜಿನ ತೋಪಿನ ಹತ್ತಿರ ನನ್ನ ಪಾಠ ಯಾವತ್ತೋ ನಿಂತು ಹೋಗಿದೆ. ಭಾಲ್ಕಿ ಕಡೆಯ ಒಬ್ಬ ರೈತ ಕಾಕಾ ಬಂದಿದ್ದರು. ನಾನು “ಉದ್ದುದ್ದ ಕಬ್ಬಿಣದ ಪಟ್ಟಿಗಳನ್ನು ಸುತ್ತ ಜೋಡಿಸಿ, ಮೇಲೆ ಬಳೆ ತೊಡಿಸಿ...” ಅನ್ನುವಷ್ಟರಲ್ಲಿ ಅವರು ತೋಪಿನ ಮೈಮೇಲೆ ಅಂಗೈ ಸವರಿ, “ಗಾಡಿ ಗಾಲಿಗಿ ಹಳಿ ಹಾಕ್ದಂಗ್ರಿ. ಕಾಸಿ ಕೆಂಪಗ ಮಾಡಿ ತೊಡಸಾದು, ನೀರ್ ಹಾಕಿದ್ರ ಬಿಗಿ ಹಿಡಿತದ” ಎಂದರು. ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ಈಗ ಎಲ್ಲರಿಗೂ ಮೊದಲು ಕಣ್ಣು ಮುಚ್ಚಿ ಅಂಗೈ ಸವರಿ ಅನ್ನುತ್ತೇನೆ. ಬಳೆಗಳ ಏಣು ಕೈಗೆ ಸಿಗುತ್ತೆ. ತೋಪಿನ ಬಾಯೊಳಗೆ ಮಾತ್ರ ಚಿಪ್ಸ್ ಪಾಕೀಟು ಸಿಗುತ್ತೆ, ಅದನ್ನು ತೆಗೆಯೋದು ನನ್ನ ಕೆಲಸ.

ವಾರದ ದಿನ ಟೂರ್ ಇದ್ದರೆ ಇಲ್ಲೇ ತಲೆ ಮೇಲೆ ತರಬೇತಿ ವಿಮಾನ ಹಾದು ಹೋಗುತ್ತೆ. ಊರಲ್ಲಿ ವಾಯುಪಡೆಯ ನೆಲೆ ಇದೆ, ಸೂರ್ಯಕಿರಣ್ ತಂಡದ ಮನೆಯೂ ಇದೇ. ವಿಮಾನ ಬಂದಾಗ ನಾನು ಬಾಯಿ ಮುಚ್ಚುತ್ತೇನೆ. 1657 ಯಾರಿಗೂ ಬೇಡ ಆಗ.

ರಂಗೀನ್ ಮಹಲಿಗೆ ಒಂದೊಂದು ದಿನ ಬೀಗ ಇರುತ್ತೆ, ಕೇಳಿಕೊಂಡರೆ ತೆಗೆದು ತೋರಿಸುತ್ತಾರೆ. ಕರಿಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿದ್ದು ಅಲ್ಲಿದೆ, ಅಲಿ ಬರೀದ್ ಕಾಲದ್ದು. ಮೊಬೈಲ್ ಟಾರ್ಚನ್ನು ಪಕ್ಕದಿಂದ ಹಿಡಿಯಬೇಕು, ಎದುರಿನಿಂದ ಹಿಡಿದರೆ ಸುಮ್ನೆ ಬಿಳಿ ಕಾಣುತ್ತೆ. ಸೋಲಾ ಖಂಬಾ ಮಸೀದಿಯಲ್ಲಿ ಒಂದೇ ಮಾತು: ಗೆದ್ದ ಮೇಲೆ ಔರಂಗಜೇಬ ಅಪ್ಪನ ಹೆಸರಲ್ಲಿ ಖುತ್ಬಾ, ಅಂದರೆ ಬಾದಶಹನ ಹೆಸರು ಹೇಳಿ ಮಾಡುವ ಮಸೀದಿಯ ಪ್ರವಚನ, ಓದಿಸಿದ್ದು ಇಲ್ಲೇ. ಮರುವರ್ಷ ಅದೇ ಅಪ್ಪನನ್ನು ಆಗ್ರಾ ಕೋಟೆಯಲ್ಲಿ ಕೂಡಿ ಹಾಕಿದ.

ಸುರಂಗ ಎಲ್ಲಿ ಅಂತ ಪ್ರತಿ ಗುಂಪಿನಲ್ಲೂ ಒಬ್ಬರು ಕೇಳುತ್ತಾರೆ. ಗೋಲ್ಕೊಂಡಕ್ಕೆ ಹೋಗುವ ಸುರಂಗ ನನಗೆ ಗೊತ್ತಿಲ್ಲ. ನೌಬಾದ್ ಹತ್ತಿರ ನೆಲದೊಳಗೆ ನೀರು ತರುವ ಕರೇಜ್ ಇದೆ, ಇರಾನಿನ ಪದ್ಧತಿಯದ್ದು, ಮೈಲುಗಟ್ಟಲೆ. ಅದು ಇನ್ನೊಂದು ದಿನದ ಟೂರ್.

ಹನ್ನೊಂದೂವರೆಗೆ ಚೌಬಾರಾ. ಗಡಿಯಾರ ಇರುವ ಆ ದುಂಡು ಕಾವಲು ಗೋಪುರದ ಹತ್ತಿರದ ಗಲ್ಲಿಯಲ್ಲಿ ಬಿದ್ರಿ ಕೆಲಸದವರ ಮನೆಗಳಿವೆ. ನಾನು ಹೋಗುವುದು ಒಬ್ಬ ಚಾಚಾ ಹತ್ತಿರ. ಎರಕ, ಅರ ಹಾಕುವುದು, ಮೈಲುತುತ್ತ ಸವರಿ ಉಳಿಯಿಂದ ಬಳ್ಳಿ ಕೊರೆಯುವುದು, ಬೆಳ್ಳಿ ತಂತಿ ಬಡಿದು ಕೂರಿಸುವುದು, ಎಲ್ಲ ತೋರಿಸುತ್ತಾರೆ. ಆದರೆ ನಾವು ಕಾಯೋದು ಕೊನೆಯ ಹಂತಕ್ಕೆ. ಉಜ್ಜಿ ಮುಗಿಸಿದ ತಟ್ಟೆ ನೋಡಿದರೆ ಏನೂ ಇಲ್ಲ, ಎಲ್ಲ ಒಂದೇ ಬೂದಿ ಬಣ್ಣ. ಬೆಳ್ಳಿ ಯಾವುದು, ಜಸ್ತ (ಸತು) ಯಾವುದು ಗೊತ್ತಾಗೋದಿಲ್ಲ. ಹದಿನಾರು ಪಾಲು ಜಸ್ತ, ಒಂದು ಪಾಲು ತಾಮ್ರ, ಬಣ್ಣ ಅಂಥದ್ದು. ಚಾಚಾ ತಟ್ಟೆ ಬಿಸಿ ಮಾಡಿ, ಖಿಲ್ಲಾದ ಮಣ್ಣಿಗೆ ನವಸಾಗರ, ನೀರು ಕಲಸಿ ಉಜ್ಜುತ್ತಾರೆ. ತೊಳೆದಾಗ ಜಸ್ತ ಕಪ್ಪಗಾಗಿರುತ್ತೆ, ಇಜ್ಜಲ ಹಾಗೆ. ಬೆಳ್ಳಿ ಬೆಳ್ಳಗೇ ಉಳಿದಿರುತ್ತೆ. ಇಡೀ ಬಳ್ಳಿ ಒಂದೇ ಸಲ ಎದ್ದು ಬರುತ್ತೆ. ಹತ್ತಾರು ಸಲ ನೋಡಿದ್ದೇನೆ, ಪ್ರತಿ ಸಲವೂ ಮುಂದಕ್ಕೆ ಬಗ್ಗುತ್ತೇನೆ.

ಯಾವ ಮಣ್ಣಾದರೂ ಆಗೋದಿಲ್ಲ. ಬಿಸಿಲು ಮಳೆ ಕಾಣದ ಹಳೇ ಕಟ್ಟಡದ ಒಳಗಿನ ಮಣ್ಣೇ ಬೇಕು. ಹೇಗೆ ಗೊತ್ತಾಗುತ್ತೆ ಅಂದರೆ ಚಾಚಾ ಒಂದು ಚಿಟಿಕೆ ನಾಲಿಗೆ ಮೇಲೆ ಇಟ್ಟುಕೊಂಡು, “ನಾಲ್ಗಿ ಹೇಳ್ತದ್ರಿ” ಅನ್ನುತ್ತಾರೆ. ಅದರಲ್ಲಿ ಪೆಟ್ಲುಪ್ಪಿನ ಅಂಶ ಇದೆ ಅಂತಾರೆ. ಸಿಡಿಮದ್ದಿಗೆ ಹಾಕುವುದೂ ಅದೇ ಪೆಟ್ಲುಪ್ಪು. ಇಷ್ಟು ಹೇಳಿ ನಾನು ನಿಲ್ಲಿಸುತ್ತೇನೆ, ಮಿಕ್ಕಿದ್ದು ಅವರೇ ಜೋಡಿಸಿಕೊಳ್ಳುತ್ತಾರೆ.

ಮಧ್ಯಾಹ್ನದ ಊಟಕ್ಕೆ ಮೊದಲು ಒಂದು ಹೋಟೆಲ್ ಗೊತ್ತು ಮಾಡಿದ್ದೆ. ಹದಿನಾಲ್ಕು ಊಟ ಮುಂಚೆಯೇ ಹೇಳಿದ್ದರೂ ಒಂದೂವರೆ ತಾಸು ಕೂರಿಸಿದರು. ಆವತ್ತು ಅಷ್ಟೂರಿನಲ್ಲಿ ಬಿಸಿಲು ತಪ್ಪಿತು, ಯಾಕೆ ಅಂತ ಆಮೇಲೆ ಹೇಳುತ್ತೇನೆ. ಈಗ ನೇರ ಗುರುದ್ವಾರ ನಾನಕ್ ಝೀರಾಕ್ಕೆ. ತಲೆಗೆ ಬಟ್ಟೆ ಕಟ್ಟಿ, ಸಾಲಿನಲ್ಲಿ ಕೂತು, ಲಂಗರಿನ ರೊಟ್ಟಿ, ದಾಲ್. ಗುರು ನಾನಕರು ಬಂದಾಗ ಚಿಮ್ಮಿತು ಅನ್ನುವ ಝರಿಯ ನೀರು ಕುಡಿದು ಹೊರಡುತ್ತೇವೆ. 1699ರಲ್ಲಿ ಗುರು ಗೋವಿಂದ ಸಿಂಗರ ಮುಂದೆ ತಲೆ ಕೊಡಲು ಎದ್ದು ನಿಂತ ಐದು ಮಂದಿಯಲ್ಲಿ ಭಾಯಿ ಸಾಹಿಬ್ ಸಿಂಗ್ ಬೀದರ್‌ನವರು. ನಮ್ಮೂರಿನವರಿಗೇ ಇದು ಗೊತ್ತಿರೋದಿಲ್ಲ.

ಊಟ ಆದ ಮೇಲೆ ಒಂದು ಬೇವಿನ ಮರದ ಕೆಳಗೆ ಟೆಂಪೊ ನಿಲ್ಲಿಸಿ 1948 ಮಾತಾಡುತ್ತೇನೆ. ಇದನ್ನು ಬಿಡಬಹುದಿತ್ತು. ಮೊದಲ ವರ್ಷ ಬಿಟ್ಟಿದ್ದೆ. ಆದರೆ ಲಡಾಯಿ ತೋರಿಸುತ್ತೇನೆ ಅಂತ ಕರೆದುಕೊಂಡು ಬಂದು, ಅಜ್ಜ ಅಜ್ಜಿಯರಿಗೆ ನೆನಪಿರುವ ಲಡಾಯಿ ಬಿಟ್ಟರೆ ಹೇಗೆ? ಆಗ ಬೀದರ್ ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿತ್ತು, ರಜಾಕಾರರು ಅಂದರೆ ನಿಜಾಮನ ಪರ ನಿಂತ ಖಾಸಗಿ ಪಡೆ. ಕೆಲವು ಮನೆಯಲ್ಲಿ ಆ ವರ್ಷಕ್ಕೆ “ರಜಾಕಾರರ ಹಾವಳಿ” ಅಂತ ಹೆಸರು. ಕೆಲವು ಮನೆಯಲ್ಲಿ “ಪೊಲೀಸ್ ಆ್ಯಕ್ಷನ್” ಅಂತ ಹೆಸರು. ವರ್ಷ ಒಂದೇ, ಕಥೆ ಬೇರೆ. ಮೇ ತಿಂಗಳಲ್ಲಿ ಬಸವಕಲ್ಯಾಣ ಕಡೆಯ ಗೋರ್ಟಾದಲ್ಲಿ ರಜಾಕಾರರು ಮಾಡಿದ ಕೊಲೆ ಹೇಳುತ್ತೇನೆ. ಸೆಪ್ಟೆಂಬರ್ 13ಕ್ಕೆ ಭಾರತದ ಸೈನ್ಯ ಬಂದದ್ದು, 17ಕ್ಕೆ ನಿಜಾಮ ಕೈ ಎತ್ತಿದ್ದು ಹೇಳುತ್ತೇನೆ. ಆಮೇಲೆ ಮುಸ್ಲಿಮರ ಮೇಲೆ ಆದದ್ದನ್ನೂ ಹೇಳುತ್ತೇನೆ. ಅದನ್ನು ವಿಚಾರಿಸಲು ಭಾರತ ಸರ್ಕಾರ ಕಳಿಸಿದ ಪಂಡಿತ್ ಸುಂದರ್‌ಲಾಲ್ ಸಮಿತಿಯ ವರದಿಯಲ್ಲಿ ಜಾಸ್ತಿ ಪೆಟ್ಟು ಬಿದ್ದ ನಾಲ್ಕು ಜಿಲ್ಲೆಗಳಲ್ಲಿ ಬೀದರ್ ಒಂದು. ಮೈಕ್ ಹಿಡಿಯೋದಿಲ್ಲ, ಹತ್ತು ನಿಮಿಷ ಮೀರೋದಿಲ್ಲ. ಒಮ್ಮೆ ಇಬ್ಬರು ಜೋರಾಗಿ ಜಗಳಕ್ಕೆ ನಿಂತರು. ಒಬ್ಬರು ಅರ್ಧ ಮಾತ್ರ ಹೇಳು ಅಂದರು, ಇನ್ನೊಬ್ಬರು ಇನ್ನರ್ಧ ಮಾತ್ರ ಹೇಳು ಅಂದರು. ಆವತ್ತು ಎರಡೂ ಕಡೆಯಿಂದ ಬೈಸಿಕೊಂಡೆ.

ಮೂರರ ಹೊತ್ತಿಗೆ ಅಷ್ಟೂರು. ಊರಿಂದ ಮೂರು ಕಿಲೋಮೀಟರ್, ಬಹಮನಿ ಸುಲ್ತಾನರ ಗುಮ್ಮಟಗಳು ಸಾಲಾಗಿ. ಅಹ್ಮದ್ ಶಾನ ಗುಮ್ಮಟದೊಳಗೆ ಕತ್ತಲು. ನೋಡಿಕೊಳ್ಳುವವರು ಒಂದು ಕನ್ನಡಿ ತಂದು ಬಾಗಿಲ ಹತ್ತಿರ ಬಿಸಿಲು ಹಿಡಿದು ಮೇಲಕ್ಕೆ ಬಿಡುತ್ತಾರೆ. ಬೆಳಕಿನ ಬಿಲ್ಲೆ ನಿಧಾನ ಸರಿಯುತ್ತಾ ಹೋದ ಹಾಗೆ ಬಂಗಾರದ ಅಕ್ಷರ, ಕೆಂಪು, ನೀಲಿ ಒಂದೊಂದೇ ಕಾಣುತ್ತವೆ. ಬಿಸಿಲು ಹೋದರೆ ಇದು ಇಲ್ಲ. ಆ ಹೋಟೆಲಿನ ಒಂದೂವರೆ ತಾಸು ನನಗೆ ಇನ್ನೂ ಉರಿಯೋದು ಅದಕ್ಕೇ. ಇವರಿಗೆ ಅಹ್ಮದ್ ಶಾ ವಲಿ ಅಂತಾರೆ, ನಮ್ಮವರು ಅಲ್ಲಮಪ್ರಭು ಅಂತ ನಡೆದುಕೊಳ್ಳುತ್ತಾರೆ. ಹೋಳಿ ಹೊತ್ತಿಗೆ ಆಗುವ ಉರುಸಿಗೆ ಮಾಡ್ಯಾಳದಿಂದ ಜಂಗಮರು ಬರುತ್ತಾರೆ.

ಹೊರಗೆ ಬಂದರೆ ಹುಮಾಯೂನ್ ಶಾನ ಗುಮ್ಮಟ. ಜನ ಇವನಿಗೆ ಕೊಟ್ಟ ಹೆಸರು ಜಾಲಿಮ್, ಅಂದರೆ ಕ್ರೂರಿ. ಅರ್ಧ ಗುಮ್ಮಟ ಕಳಚಿ ಬಿದ್ದು, ಉಳಿದ ಅರ್ಧ ಹೆಚ್ಚಿದ ಈರುಳ್ಳಿಯ ಹಾಗೆ ನಿಂತಿದೆ, ಗೋಡೆ ಎಷ್ಟು ದಪ್ಪ ಅಂತ ಒಳಗಿನಿಂದಲೇ ಕಾಣುತ್ತೆ. ಹೋದ ತಿಂಗಳು ಹುಮನಾಬಾದಿನ ಒಬ್ಬ ಹುಡುಗಿ ಅದನ್ನು ಬಹಳ ಹೊತ್ತು ನೋಡಿದಳು. ಬೆಳಿಗ್ಗೆಯಿಂದ ನಾನು ಹೇಳಿದ್ದೆಲ್ಲ ತಲೆಯಲ್ಲಿತ್ತು ಅಂತ ಕಾಣುತ್ತೆ.

“ಇಲ್ಲೂ ಮದ್ದು ಇಟ್ಟಿದ್ರೇನ್ರಿ ಸರ?”

“ಇಲ್ಲವ್ವ. ಇದು ಸಿಡಿಲು.”

“ಖರೇ ಹೇಳ್ರಿ,” ಎಂದಳು.