ಅಲಸಂದೆ ಕಾಳಿನಲ್ಲಿ ಹಾರ್ಡಿ-ವೈನ್‌ಬರ್ಗ್: ನನ್ನ ಅನುಭವ

ಈ ವರ್ಷ ನನ್ನ ಸೆಕೆಂಡ್ ಪಿಯು ಮಕ್ಕಳು ಹಾರ್ಡಿ-ವೈನ್‌ಬರ್ಗ್ ಲೆಕ್ಕವನ್ನು (ಒಂದು ಗುಂಪಿನಲ್ಲಿ ವಂಶವಾಹಿಯ ಎರಡು ರೂಪಗಳು ಎಷ್ಟೆಷ್ಟಿವೆ ಎಂದು ಅಂದಾಜಿಸುವುದು) ನನ್ನ ಕೇಳದೆ ತಾವೇ ಮಾಡಿದರು. "ಪರೀಕ್ಷೆಗೆ ಬರೋದು ಸೂತ್ರ, ಕಾಳು ಎಣಿಸ್ಕೊಂಡು ಪೀರಿಯಡ್ ಯಾಕೆ ಕಳೀತೀರಿ ಮೇಡಂ" ಎಂದು ಸ್ಟಾಫ್ ರೂಮಿನಲ್ಲಿ ಅನ್ನುತ್ತಿದ್ದವರೇ ಈಗ ನನ್ನ ಕಾಳಿನ ಡಬ್ಬಿ ಎರವಲು ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ವರ್ಷ ಎಲ್ಲರಂತೆ ನಾಲಿಗೆಯನ್ನು ಸುರುಳಿ ಸುತ್ತಿಸುವುದರಿಂದ ಶುರು ಮಾಡಿ ಸೋತೆ. ಸೋಮವಾರ "ಆಗಲ್ಲ" ಎಂದವರಲ್ಲಿ ನಾಲ್ಕೈದು ಮಂದಿ ಕನ್ನಡಿ ಮುಂದೆ ಅಭ್ಯಾಸ ಮಾಡಿ ಗುರುವಾರ ಸುತ್ತಿ ತೋರಿಸಿದರು. 1940ರಲ್ಲಿ ಇದನ್ನು ಆನುವಂಶಿಕ ಲಕ್ಷಣ ಎಂದಿದ್ದ ತಳಿವಿಜ್ಞಾನಿ ಸ್ಟರ್ಟೆವಂಟ್ ಅವರೇ, ಏಕರೂಪಿ ಅವಳಿಗಳಲ್ಲಿ ಒಬ್ಬರಿಗೆ ಬಂದು ಇನ್ನೊಬ್ಬರಿಗೆ ಬಾರದ್ದು ಗೊತ್ತಾದ ಮೇಲೆ ಆ ಮಾತು ಬಿಟ್ಟರು. ನಮ್ಮಲ್ಲಿ ಇನ್ನೂ ಬಿಟ್ಟಿಲ್ಲ. ಕಿವಿಹಾಲೆಯೂ ಅಷ್ಟೇ: ಅಂಟಿದ್ದೋ ಬಿಟ್ಟಿದ್ದೋ ಎಂಬ ವಾದದಲ್ಲೇ ಗಂಟೆ ಹೊಡೆಯಿತು.

ಆಮೇಲೆ ಪಿಟಿಸಿ ಪಟ್ಟಿ ತರಿಸಿದೆ: ನಾಲಿಗೆಗಿಟ್ಟರೆ ಕೆಲವರಿಗೆ ಕಹಿ, ಕೆಲವರಿಗೆ ರುಚಿಯೇ ಗೊತ್ತಾಗದ ರಾಸಾಯನಿಕ ಹಚ್ಚಿದ ಕಾಗದ. ಅಂಚೆ ಖರ್ಚು ಸೇರಿ ನೂರು ಪಟ್ಟಿಗೆ ಏಳುನೂರರ ಆಸುಪಾಸು, ಕೈಯಿಂದಲೇ ಹಾಕಿದೆ. ಮುಂದಿನ ಬೆಂಚಿನ ಹುಡುಗಿ ಮುಖ ಕಿವುಚಿ "ಥೂ, ಕಹಿ!" ಅಂದದ್ದೇ ತಡ, ಇಡೀ ತರಗತಿಗೆ ಕಹಿಯಾಯಿತು. ದುಡ್ಡು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಹೋಯಿತು. ಮರುವರ್ಷ ಮಕ್ಕಳನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದೆ. ಮಾತಿಲ್ಲ, ಚೀಟಿಯಲ್ಲಿ ಬರೆದು ಮಡಚಿ ಕೊಡಬೇಕು. ನಡುವೆ ಅದೇ ಅಳತೆಯ ಸಾದಾ ಕಾಗದವನ್ನೂ ಸೇರಿಸಿದೆ. ಅದಕ್ಕೂ ಕಹಿ ಎಂದು ಬರೆದವರು ಐದಾರು ಮಂದಿ! ಸಾದಾ ಕಾಗದ ಯಾವಾಗ, ಎಷ್ಟು ಸಲ ಕೊಡಬೇಕು ಎಂಬುದು ಮಾತ್ರ ನನ್ನಲ್ಲೇ ಇರಲಿ.

62 ಮಕ್ಕಳಲ್ಲಿ 19 ಮಂದಿಗೆ ರುಚಿ ಗೊತ್ತಾಗಲಿಲ್ಲ. ಈ ರುಚಿಯ ಹಿಂದೆ 7ನೇ ವರ್ಣತಂತುವಿನ ಒಂದೇ ವಂಶವಾಹಿಯ ಪಾಲು ದೊಡ್ಡದು, ಹಾಗಾಗಿ ಲೆಕ್ಕ ತಕ್ಕಮಟ್ಟಿಗೆ ನಿಲ್ಲುತ್ತದೆ. ರುಚಿ ತಿಳಿಸದ ರೂಪದ ಪ್ರಮಾಣ ಕ್ಯೂ, ತಿಳಿಸುವುದರದು ಪಿ. ಎರಡೂ ಪ್ರತಿ ತಿಳಿಸದವೇ ಆದವರು ಕ್ಯೂ ವರ್ಗ, ಅದು 0.31; ಹಾಗಾಗಿ ಕ್ಯೂ 0.55. ಎರಡೂ ರೂಪ ಒಂದೊಂದಿರುವವರಿಗೆ 2ಪಿಕ್ಯೂ ಹಾಕಿದರೆ ಸುಮಾರು 31 ಮಂದಿ. ಹಿಂದಿನ ಬೆಂಚಿನ ಹುಡುಗ ಅಕ್ಕಪಕ್ಕದವರನ್ನೆಲ್ಲ ಒಮ್ಮೆ ನೋಡಿ, "ಹಂಗಾದ್ರೆ ಅರ್ಧಕ್ಕರ್ಧ ಜನ ಒಳಗೆ ಇಟ್ಕೊಂಡಿದಾರಾ ಮೇಡಂ?" ಅಂದ. ನಾಲ್ಕು ವರ್ಷ ಕಾದದ್ದು ಈ ಪ್ರಶ್ನೆಗೆ.

ಕಾಳು ಬಂದದ್ದು ಇದರ ಮೇಲೆ. ಒಂದು ಕಾಳು ಅಂದರೆ ವಂಶವಾಹಿಯ ಒಂದು ಪ್ರತಿ, ಚೀಲದಿಂದ ನೋಡದೆ ತೆಗೆದ ಎರಡು ಕಾಳು ಒಂದು ಜೀವಿ. ಮೊದಲು ಕಡಲೆ, ಬಟಾಣಿ ಬೆರೆಸಿದ್ದೆ. ಕಣ್ಣು ಮುಚ್ಚಿದ್ದರೂ ಬೆರಳಿಗೆ ಗೊತ್ತಾಗಿ ಉರುಟಾದ ಬಟಾಣಿಯೇ ಹೆಚ್ಚು ಬರುತ್ತಿತ್ತು. ಅಲಸಂದೆ ಒಳ್ಳೆಯದು: ಕೆಂಪು, ಬಿಳಿ, ಒಂದೇ ಗಾತ್ರದ್ದು ಆರಿಸಿಕೊಂಡರೆ ಸಾಕು. ಮೊದಲ ದಾಸ್ತಾನಿಗೆ ದಸರಾ ರಜೆಯಲ್ಲಿ ಹುಳು ಬಿದ್ದು ಪುಡಿಯಾಯಿತು. ಈಗ ಬಿಸಿಲಿಗೆ ಹಾಕಿ, ಬೇವಿನ ಸೊಪ್ಪಿಟ್ಟು ತುಂಬುತ್ತೇನೆ. ಖರ್ಚು ನೂರೈವತ್ತು ದಾಟುವುದಿಲ್ಲ.

ಚೀಲದಲ್ಲಿ ಐವತ್ತು ಕೆಂಪು, ಐವತ್ತು ಬಿಳಿ. ಕೆಂಪು ಪ್ರಬಲ, ಬಿಳಿ ಅಪ್ರಬಲ, ಅಂದರೆ ಪಕ್ಕದಲ್ಲಿ ಕೆಂಪಿದ್ದರೆ ಅಡಗಿರುವುದು. ಎರಡೆರಡೇ ತೆಗೆಯಬೇಕು, ಬಿಳಿ-ಬಿಳಿ ಜೋಡಿ ಬಂದರೆ ಸತ್ತಿತು ಎಂದು ಹೊರಗೆ. ಉಳಿದ ಪ್ರಮಾಣದಲ್ಲೇ ಮತ್ತೆ ನೂರು ತುಂಬಿ ಮುಂದಿನ ತಲೆಮಾರು. ಬಿಳಿ ಎಷ್ಟು ಸುತ್ತಿಗೆ ಮುಗಿಯುತ್ತದೆ ಎಂದು ಮೊದಲೇ ಬರೆಸಿದೆ. ಹೆಚ್ಚಿನವರು ಮೂರು ಅಂದರು. ಮೂರನೇ ಸುತ್ತಿಗೆ ಲೆಕ್ಕದ ಪ್ರಕಾರ 20 ಉಳಿಯಬೇಕು, ನಮ್ಮಲ್ಲಿ 22 ಉಳಿಯಿತು. ಹತ್ತನೆಯದಕ್ಕೆ ಏಳು. ಅಷ್ಟರಲ್ಲಿ ಬಿಳಿ-ಬಿಳಿ ಬರುವುದೇ ನಿಂತುಹೋಗಿತ್ತು. ಬಿಳಿ ಕಾಳು ಬಂದಾಗೆಲ್ಲ ಅಂಗೈಯಲ್ಲಿ ಪಕ್ಕಕ್ಕೊಂದು ಕೆಂಪು. ಅಪ್ರಬಲ ಅಂದರೆ ಅಳಿದುಹೋಗುವುದಲ್ಲ ಎಂದು ನಾನು ಬಾಯಿ ಬಿಟ್ಟು ಹೇಳಬೇಕಾಗಲೇ ಇಲ್ಲ.

ಈ ಲೆಕ್ಕ ತಪ್ಪುವುದಕ್ಕೆ ಪಠ್ಯ ಕೊಡುವ ಐದು ಕಾರಣಗಳ ಪಟ್ಟಿಯಲ್ಲಿ ಬಂಧುಗಳೊಳಗಿನ ಮದುವೆ ಇಲ್ಲ. ನಮ್ಮ ಊರುಗಳಲ್ಲಿ ಸೋದರಮಾವನಿಗೆ ಕೊಡುವ ವಾಡಿಕೆ ಇರುವಾಗ ಅದನ್ನು ಬಿಟ್ಟು ಪಾಠ ಮಾಡುವುದು ನನಗೆ ಒಪ್ಪಿಗೆಯಿಲ್ಲ. ಅಲ್ಲಿ ಅಂತಃಪ್ರಜನನ ಗುಣಾಂಕ, ಅಂದರೆ ಮಗುವಿನ ಎರಡೂ ಪ್ರತಿ ಪೂರ್ವಜರೊಬ್ಬರ ಒಂದೇ ಪ್ರತಿಯಿಂದ ಬಂದಿರುವ ಸಂಭವ, ಎಂಟರಲ್ಲೊಂದು. ಏಳು ಬಿಳಿ ಉಳಿದ ಅದೇ ಚೀಲದಲ್ಲಿ ಎಲ್ಲ ಮದುವೆಯೂ ಹೀಗೇ ಎಂದು ಹಿಡಿದರೆ, ಇನ್ನೂರಕ್ಕೆ ಒಂದಿದ್ದ ಬಿಳಿ-ಬಿಳಿ ಜೋಡಿ ಎರಡೂವರೆಯಾಗುತ್ತದೆ. ಕಾಳಿನ ಸಂಖ್ಯೆ ಬದಲಾಗಿಲ್ಲ, ಜೋಡಿ ಬದಲಾಗಿದೆ. ಬೋರ್ಡಿನ ಮೇಲೆ ಇದನ್ನು ಬರೆದಾಗ ತರಗತಿ ಗಪ್‌ಚುಪ್ಪಾಯಿತು.

ಒಂದು ತಪ್ಪನ್ನು ಹೇಳಲೇಬೇಕು. ಒಮ್ಮೆ ಅಪ್ಪ-ಅಮ್ಮನ ರಕ್ತದ ಗುಂಪು ಬರೆದುಕೊಂಡು ಬರಲು ಹೇಳಿದ್ದೆ. ಒಬ್ಬಳ ಅಪ್ಪನದು ಎಬಿ, ಅವಳದು ಓ. ಎಬಿ ಅಪ್ಪನಿಗೆ ಸಾಮಾನ್ಯವಾಗಿ ಓ ಮಗು ಹುಟ್ಟುವುದಿಲ್ಲ. ಆ ಮಗುವಿನ ಮುಖ ಇವತ್ತಿಗೂ ಕಣ್ಣಮುಂದಿದೆ. ಮತ್ತೆ ಪರೀಕ್ಷೆ ಮಾಡಿಸಿದಾಗ ಅಪ್ಪನದು ಎ. ಹಳೆಯ ಕಾರ್ಡಿನಲ್ಲೇ ತಪ್ಪಿತ್ತು. ಪರೀಕ್ಷೆಯಲ್ಲಿ ಓ ಎಂದೇ ಕಾಣುವ, 1952ರಲ್ಲಿ ವರದಿಯಾದ ಬಾಂಬೆ ರಕ್ತಗುಂಪಿನಂಥದ್ದೂ ಇರುತ್ತದೆ, ಆದರೆ ಎರಡು ದಿನ ಆ ಮನೆ ಪಟ್ಟ ಸಂಕಟಕ್ಕೆ ಅದು ಸಮಾಧಾನವಲ್ಲ. ಅಂದಿನಿಂದ ಮನೆಯವರ ಮಾಹಿತಿ ಕೇಳುವುದಿಲ್ಲ, ನೀವೂ ಕೇಳಬೇಡಿ.

ಈಗ ಚೌಕಾಬಾರದ ಹುಣಸೆ ಬೀಜ ಹಿಡಿದಿದ್ದೇನೆ. ಒಂದು ಮಗ್ಗುಲು ತೇಯ್ದ ಬೀಜ ಅಂದರೆ ಮಿಶ್ರ ಜೋಡಿಯ ತಾಯಿ. ಎಸೆದಾಗ ಮೇಲೆ ಬಂದ ಬಣ್ಣ ಮಗುವಿಗೆ. ಆದರೆ ಇನ್ನೂರು ಸಲ ಎಸೆದರೆ ಬಿಳಿ ನೂರಿಪ್ಪತ್ತರ ಹತ್ತಿರ ಬರುತ್ತದೆ, ಮೆಂಡೆಲ್‌ಗೆ ಬೇಕಾದ ಅರ್ಧ-ಅರ್ಧ ಸಿಗುವುದಿಲ್ಲ. ನಾಲ್ಕು ಹುಡುಗರು ಊಟದ ಬಿಡುವಿನಲ್ಲಿ ಮೆಟ್ಟಿಲ ಕಲ್ಲಿನ ಮೇಲೆ ಬೇರೆ ಬೇರೆ ದಪ್ಪಕ್ಕೆ ತೇಯುತ್ತಿದ್ದಾರೆ. ಕಳೆದ ಶನಿವಾರದ ಬೀಜ 104ಕ್ಕೆ ಬಂದಿದೆ.